ಗಂಟಿಲ್ಲದ ದಾರ

ಅಮೀರುನ್ನೀಸಾ ಮೂರನೆಯ ಎಳೆಗೆ ಮೇಣ ಹಚ್ಚುತ್ತಿದ್ದಳು. ದಾರದ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿ, ಇನ್ನೊಂದನ್ನು ಎಡಗೈಯಲ್ಲಿ ಬಿಗಿಹಿಡಿದು, ರಾಳ ಬೆರೆಸಿದ ಜೇನುಮೇಣದ ಉಂಡೆಯನ್ನು ಮೇಲಿಂದ ಕೆಳಕ್ಕೆ ಎಳೆಯಬೇಕು. ಒಂದು ಎಳೆಗೆ ಏಳು ಸಲ. ಐದು ಸಲಕ್ಕೆ ನಿಲ್ಲಿಸಿದರೂ ಯಾರಿಗೂ ತಿಳಿಯುವುದಿಲ್ಲ, ಅವಳಿಗೆ ತಿಳಿಯುತ್ತದೆ. ಪಕ್ಕದಲ್ಲಿ ಕುಂಸಿಯ ಜಮೀನುದಾರರೊಬ್ಬರ ಜೀಪಿನ ಕ್ಯಾನ್ವಾಸ್ ಹುಡ್ ಅರ್ಧ ಹೊಲಿದು ಬಿದ್ದಿತ್ತು.

ಅಂದು 1962ರ ಜನವರಿ 17, ಬುಧವಾರ. ಬೆಳಗಿನ ಒಂಬತ್ತೂಕಾಲು. ಭದ್ರಾವತಿಯ ಬಿ.ಎಚ್. ರಸ್ತೆಯಲ್ಲಿ ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಪರದೆಯ ಆಚೆ ಗಂಡ ಪೀರ್ ಬಾಷಾ ಅಳತೆ ಹಿಡಿದು ಕ್ಯಾನ್ವಾಸ್ ಕತ್ತರಿಸುತ್ತಿದ್ದ. ಈಚೆ ಅವಳು ಹೊಲಿಯುತ್ತಿದ್ದಳು. ಮೂರು ವರ್ಷದ ಹಿಂದೆ ಜೀಪಿನ ಕಬ್ಬಿಣದ ಕಮಾನು ಬಿದ್ದು ಅವನ ಬಲಗೈ ಹೆಬ್ಬೆರಳು ಜಜ್ಜಿಹೋಗಿತ್ತು. ಆಮೇಲೆ ಅದನ್ನು ಮಡಚಲು ಆಗಲೇ ಇಲ್ಲ. ಆದರೂ ಗಿರಾಕಿ ಬಂದರೆ, ಸೂಜಿ ಒತ್ತಲು ಅಂಗೈಗೆ ಕಟ್ಟುವ ಚರ್ಮದ ಪಟ್ಟಿಯನ್ನು ತೊಟ್ಟುಕೊಂಡೇ ಎದ್ದು ನಿಲ್ಲುತ್ತಿದ್ದ. ಪೀರ್ ಬಾಷಾನ ಹೊಲಿಗೆ ಎಂದರೆ ಕಾಗದನಗರದಿಂದ ಶಿವಮೊಗ್ಗದ ಕೋಟೆಯವರೆಗೂ ಹೆಸರಿತ್ತು.

"ಪೀರಣ್ಣ, ಏಳು. ಸಾಹೇಬ್ರು ಕರೀತಿದಾರೆ." ಕಾನ್ಸ್‌ಟೇಬಲ್ ಕಲ್ಲಪ್ಪನ ದನಿ.

"ಯಾಕೆ ಕಲ್ಲಪ್ಪ, ಏನಾಯ್ತು?"

"ನೀನು ಹೊಲಿದ ಬಟ್ಟೆದೋಣಿ ಹೊಳೇಲಿ ಮುಳುಗ್ತು. ಕರಿಯಣ್ಣ ಸ್ವಲ್ಪದ್ರಲ್ಲಿ ಉಳ್ಕೊಂಡ. ನಡಿ ಮಾರಾಯ, ಮಿಕ್ಕಿದ್ದು ಠಾಣೇಲಿ ಮಾತಾಡೋಣ."

ಪರದೆಯ ಈಚೆ ಮೇಣದ ಉಂಡೆ ದಾರದ ನಡುವೆ ನಿಂತಿತು.

ದೂರು ಠಾಣೆಗೆ ಬಂದದ್ದು 8.40ಕ್ಕೆ. ದೂರುದಾರರು ಉಜ್ಜನಪ್ಪ, ವಯಸ್ಸು 41, ಕಾಗದ ಕಾರ್ಖಾನೆಯ ಗುಮಾಸ್ತರು, ಕಾಗದನಗರ ದೋಣಿ ಸಂಘದ ಕಾರ್ಯದರ್ಶಿ. ಐದು ವರ್ಷದ ಹಿಂದೆ ಒಂದೇ ಒಂದು ಹಲಗೆದೋಣಿಯಿಂದ ಶುರುವಾದ ಸಂಘದಲ್ಲಿ ಈಗ ಮೂವತ್ತೆರಡು ಮಂದಿ ಇದ್ದರು. ಪಾಳಿ ಮುಗಿಸಿ ಬಂದವರು ಸಂಜೆ ಭದ್ರೆಯಲ್ಲಿ ಹುಟ್ಟು ಹಾಕುತ್ತಿದ್ದರು. ಭಾನುವಾರ ಕ್ವಾರ್ಟರ್ಸಿನ ಮಕ್ಕಳಿಗೆ ಈಜು ಕಲಿಸುತ್ತಿದ್ದರು. ಹಿಂದಿನ ವರ್ಷ ತೇಗದ ಪಟ್ಟಿಗಳ ಚೌಕಟ್ಟಿಗೆ ಕ್ಯಾನ್ವಾಸ್ ಹೊದಿಸಿ, ಬಣ್ಣ ಬಳಿದು, ಕಯಾಕ್ ಎಂಬ ಹಗುರ ದೋಣಿ ಮಾಡಿಸಿದ್ದರು. ಊರವರ ಬಾಯಲ್ಲಿ ಅದು ಬಟ್ಟೆದೋಣಿ. ಜನವರಿ 26ಕ್ಕೆ ಶಿವಮೊಗ್ಗದ ತುಂಗಾ ಹೊಳೆಯಲ್ಲಿ ಅಲ್ಲಿಯ ಸಂಘದೊಡನೆ ಪಂದ್ಯವಿತ್ತು. ಹಿಂದಿನ ಎರಡು ವರ್ಷವೂ ಸೋತಿದ್ದರು. ಈ ಸಲ ಗೆಲುವು ತಮ್ಮದೇ ಎಂದು ಕಾಗದನಗರವೆಲ್ಲ ನಂಬಿತ್ತು.

"ಎರಡು ದಿನ ಬಿಟ್ಟು ಇವತ್ತು ಬೆಳಿಗ್ಗೆ ಏಳಕ್ಕೆ ನಮ್ಮ ಪಂದ್ಯದ ಹುಡುಗ ಕರಿಯಣ್ಣ ಅಭ್ಯಾಸಕ್ಕೆ ಇಳಿದ," ಉಜ್ಜನಪ್ಪ ಹೇಳಿದರು. "ನಡುಹೊಳೇಲಿ ಒಂದೇ ಸಲಕ್ಕೆ ನೀರು ನುಗ್ತು. ಕಾಲು ಒಳಗೆ ಸಿಕ್ಕೊಂಡಿತ್ತು."

"ಯಾರ ಮೇಲಾದ್ರೂ ಅನುಮಾನ?" ಸಬ್‌ಇನ್‌ಸ್ಪೆಕ್ಟರ್ ಕೊಟ್ರಬಸಪ್ಪ ಕೇಳಿದರು.

"ಹೊಲಿದವನ ಮೇಲೇ. ಹೋದ ವಾರ ಶಿವಮೊಗ್ಗದ ಸಂಘದೋರು ಪೀರ್ ಬಾಷಾನ ಅಂಗಡೀಲಿ ಕೂತಿದ್ರು. ಕಂಡೋರಿದಾರೆ."

ಜೀವಕ್ಕೆ ಅಪಾಯ, ಸೊತ್ತಿಗೆ ನಷ್ಟ ಎಂದು ದಂಡ ಸಂಹಿತೆಯ 336 ಮತ್ತು 427ನೇ ಕಲಮುಗಳಡಿ ಎಫ್.ಐ.ಆರ್. ದಾಖಲಾಯಿತು.

10.30ಕ್ಕೆ ದೋಣಿಮನೆಯಲ್ಲಿ ಪಂಚನಾಮೆ ನಡೆಯಿತು. ಕಯಾಕನ್ನು ಎರಡು ಮರದ ಸ್ಟ್ಯಾಂಡುಗಳ ಮೇಲೆ ಬೋರಲು ಹಾಕಿದ್ದರು. ಎಡಮಗ್ಗುಲಿನ ತಳದ ಹೊಲಿಗೆ ಒಂದು ಗೇಣಿನಷ್ಟು ಬಾಯಿಬಿಟ್ಟಿತ್ತು. ಬಟ್ಟೆ ಹರಿದಿರಲಿಲ್ಲ. ಕೊಟ್ರಬಸಪ್ಪ ಅದನ್ನು ಬರೆಸಿದರು. ಮೂಲೆಯಲ್ಲಿ ಹಳೆಯ ಹಲಗೆದೋಣಿ ಕವುಚಿಕೊಂಡಿತ್ತು. ಅದರ ಬೆನ್ನ ಮೇಲೆ ಒದ್ದೆ ಟವಲುಗಳು, ಚಡ್ಡಿಗಳು.

"ಬೀಗದ ಕೈ ಯಾರ ಹತ್ರ?"

"ನನ್ನ ಹತ್ರ ಒಂದು," ಎಂದರು ಉಜ್ಜನಪ್ಪ. ಮಾಡಿನ ಕಡೆ ಕೈ ತೋರಿಸಿ, "ಇನ್ನೊಂದು ಹೆಂಚಿನ ಸಂದೀಲಿ ಇರುತ್ತೆ. ಸಂಘದ ಎಲ್ಲರಿಗೂ ಗೊತ್ತು."

"ಪೀರ್ ಬಾಷಾನಿಗೆ?"

"...ಇಲ್ಲ."

ಠಾಣೆಯಲ್ಲಿ ಪೀರ್ ಬಾಷಾ ಬೆಂಚಿನ ತುದಿಯಲ್ಲಿ ಕುಳಿತಿದ್ದ. ಕೈಯಲ್ಲಿ ಚರ್ಮದ ಪಟ್ಟಿ ಹಾಗೆಯೇ ಇತ್ತು.

"ಶಿವಮೊಗ್ಗದೋರು ಯಾಕೆ ಬಂದಿದ್ರು?"

"ಅವರಿಗೂ ಒಂದು ದೋಣಿ ಬೇಕಂತೆ ಸ್ವಾಮಿ. ಪಂದ್ಯ ಮುಗೀಲಿ ಅಂದೆ."

"ಈ ದೋಣಿ ನೀನೇ ಹೊಲಿದದ್ದಾ?"

"ನಾನೇ."

"ಹೊಲಿಗೆ ಬಿಟ್ಟಿದೆ. ಹೊಲಿದದ್ದರಲ್ಲಿ ತಪ್ಪಿತ್ತಾ?"

ಪೀರ್ ಬಾಷಾ ನೆಲ ನೋಡಿದ. "ಇದ್ದಿರಬಹುದು ಸ್ವಾಮಿ."

ತಪ್ಪು ತನ್ನದೆಂದು ಇಷ್ಟು ಸುಲಭವಾಗಿ ಒಪ್ಪಿಕೊಳ್ಳುವ ಕಸುಬುದಾರನನ್ನು ಕೊಟ್ರಬಸಪ್ಪ ಕಂಡಿರಲಿಲ್ಲ. ಅಂಗಡಿಯಿಂದ ಸೂಜಿ, ದಾರ, ಒಂದು ತುಂಡು ಕ್ಯಾನ್ವಾಸ್ ತರಿಸಿದರು. "ನಾಲ್ಕು ಹೊಲಿಗೆ ಹಾಕು, ನೋಡೋಣ."

ಪೀರ್ ಬಾಷಾ ಸೂಜಿ ಹಿಡಿದ. ಅದು ಬೆರಳ ನಡುವಿಂದ ಜಾರಿ ಬಿತ್ತು. ಎರಡನೆಯ ಸಲವೂ ಬಿತ್ತು. ಮೂರನೆಯ ಸಲ ಕೊಟ್ರಬಸಪ್ಪನವರೇ ಬಗ್ಗಿ ಅದನ್ನು ಎತ್ತಿ ಮೇಜಿನ ಮೇಲಿಟ್ಟರು. ದಫೇದಾರ್ ರಸೂಲ್ ಸಾಬ್‌ಗೆ ಕಣ್ಣಿನಲ್ಲೇ ಸನ್ನೆ ಮಾಡಿದರು.

ರಸೂಲ್ ಸಾಬ್ ಅಂಗಡಿಯಲ್ಲಿ ಪರದೆಯ ಹೊರಗೆ ನಿಂತು ಕೆಮ್ಮಿದ.

"ತಂಗಿ, ಒಂದು ಮಾತು ಕೇಳ್ಬೇಕಿತ್ತು. ಆ ದೋಣಿ ಹೊಲಿದೋರು ಯಾರು?"

"ಅವರು ಏನಂದ್ರು?" ಒಳಗಿನಿಂದ ಅಮೀರುನ್ನೀಸಾ ಕೇಳಿದಳು.

"ನಾನೇ ಅಂದ."

ಅದು ಅವಳಿಗೆ ಗೊತ್ತಿದ್ದದ್ದೇ. ಮೂರು ವರ್ಷದಿಂದ ಅವನು ಹಾಗೆ ಅನ್ನುತ್ತ ಬಂದಿದ್ದ, ಅವಳು ಅನ್ನಲು ಬಿಟ್ಟಿದ್ದಳು. ಗಂಡಸಿನ ಮುಖ ಉಳಿಯಲಿ, ಹೊಲಿಗೆಗೆ ತನ್ನ ಹೆಸರು ಯಾಕೆ ಬೇಕು ಎಂದುಕೊಂಡಿದ್ದಳು.

"ಹೊಲಿಗೇಲಿ ತಪ್ಪು ಇದ್ದಿರಬಹುದು ಅಂತಾನೂ ಅಂದ," ಎಂದ ರಸೂಲ್ ಸಾಬ್.

ಪರದೆ ಸರಿಯಿತು. ಅಮೀರುನ್ನೀಸಾ ತಲೆಯ ಮೇಲೆ ಸೆರಗು ಎಳೆದುಕೊಂಡು ಹೊರಗೆ ಬಂದಿದ್ದಳು.

"ನನ್ನ ಹೊಲಿಗೇಲಿ ತಪ್ಪಿಲ್ಲ, ಭಾಯಿ. ಎಲ್ಲಿದೆ ದೋಣಿ? ನನಗೆ ತೋರಿಸಿ."

ಪಕ್ಕದ ಮನೆಯ ಹಾಜರಾಳನ್ನು ಜತೆಗೆ ಕರೆದುಕೊಂಡು ಜಟಕಾ ಹತ್ತಿದಳು. ದಾರಿಯುದ್ದಕ್ಕೂ ಹಾಜರಾ, "ಪೊಲೀಸ್ರು, ಗಂಡಸ್ರು, ಏನ್ ಮಾರಾಯ್ತಿ ನಿಂದು ಧೈರ್ಯ," ಎನ್ನುತ್ತಿದ್ದಳು. ಅಮೀರುನ್ನೀಸಾಳಿಗೆ ಅದು ಧೈರ್ಯವೆನ್ನಿಸಲಿಲ್ಲ. ಯಾರೋ ತನ್ನ ಮಗುವನ್ನು ಕುಂಟ ಎಂದರೆ ತಾಯಿ ಅದನ್ನು ಎತ್ತಿ ನಿಲ್ಲಿಸಿ ತೋರಿಸುವುದಿಲ್ಲವೆ, ಅಷ್ಟೇ.

ದೋಣಿಮನೆಯಲ್ಲಿ ಎಂಟು ಹತ್ತು ಗಂಡಸರಿದ್ದರು. ಕರಿಯಣ್ಣ ಕಂಬಳಿ ಹೊದ್ದು ಹಲಗೆದೋಣಿಯ ಮೇಲೆ ಕುಳಿತು ಕಾಫಿ ಹೀರುತ್ತಿದ್ದ. ಅವಳು ಯಾರ ಮುಖವನ್ನೂ ನೋಡದೆ ಕಯಾಕಿನ ಬಳಿ ಮೊಣಕಾಲೂರಿದಳು. ಮೊದಲು ಹೊಲಿಗೆಯ ಉದ್ದಕ್ಕೂ ಬೆರಳಾಡಿಸಿದಳು, ಆಮೇಲೆ ಕಣ್ಣು ಹತ್ತಿರ ಒಯ್ದಳು.

"ಇಲ್ಲಿಂದ ಇಲ್ಲಿಗೆ," ಎಂದಳು. "ಒಂದು ಗೇಣು. ಇದು ನನ್ನದಲ್ಲ."

"ಹೇಗೆ ಹೇಳ್ತೀರಿ?" ಕೊಟ್ರಬಸಪ್ಪ ಕೇಳಿದರು.

"ನನ್ನ ಸೂಜಿ ಮೂರು ಮೂಲೇದು. ತೂತೂ ಮೂರು ಮೂಲೆ ಬೀಳುತ್ತೆ. ನೋಡಿ. ಈ ಗೇಣಲ್ಲಿ ನನ್ನ ತೂತು ಖಾಲಿ ಬಿದ್ದಿದಾವೆ, ಪಕ್ಕದಲ್ಲಿ ದುಂಡಗಿನ ಹೊಸ ತೂತು. ಯಾರೋ ನನ್ನದನ್ನ ಬಿಚ್ಚಿ ಮತ್ತೆ ಹೊಲಿದಿದಾರೆ. ಮೇಲೆ ಬಣ್ಣಾನೂ ಬಳಿದಿದಾರೆ."

ನೇತಾಡುತ್ತಿದ್ದ ದಾರದ ತುದಿಯನ್ನು ಬೆರಳಲ್ಲಿ ಉಜ್ಜಿ ಮೂಸಿದಳು, ನಾಲಗೆಗೆ ಮುಟ್ಟಿಸಿದಳು, ಪಕ್ಕಕ್ಕೆ ಉಗಿದಳು.

"ಮೇಣ ಅಲ್ಲ, ಸೋಪು. ಸೋಪು ಹಚ್ಚಿದ ದಾರ ನೀರಲ್ಲಿ ಜಾರುತ್ತೆ. ಅದೂ ಹೋಗ್ಲಿ, ಕೊನೇಲಿ ಗಂಟೇ ಇಲ್ಲ! ಹಾಕಿದ್ದು ಬಿಚ್ಚಿಕೊಂಡದ್ದಲ್ಲ, ಹಾಕೇ ಇಲ್ಲ. ತುದೀನ ಹಿಂದಕ್ಕೆ ತಿರುಗಿಸಿ ಒಳಗೆ ಸೇರಿಸಿದಾರೆ. ಗಂಟು ಹಾಕ್ದೆ ಯಾರಾದ್ರೂ ಹೊಲೀತಾರಾ?"

ಸುತ್ತ ನಿಂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉತ್ತರ ಅವರಿಗೆ ಗೊತ್ತಿದೆ ಎಂದು ಕೊಟ್ರಬಸಪ್ಪನವರಿಗೆ ತಿಳಿಯಿತು.

"ಕರಿಯಣ್ಣ, ಮುಳುಗಿದೋನು ನೀನು. ನೀನೇ ಹೇಳು."

ಕರಿಯಣ್ಣ ಲೋಟ ಕೆಳಗಿಟ್ಟ. "ಹೊಲೀತಾರೆ ಸಾರ್. ನಮ್ಮ ಕಾರ್ಖಾನೇಲಿ ಹೊಲೀತಾರೆ. ಹಸಿ ಕಾಗದ ಹೊತ್ಕೊಂಡು ಯಂತ್ರದಲ್ಲಿ ಸುತ್ತೋ ದಪ್ಪ ಉಣ್ಣೆ ಬಟ್ಟೆ ಇದ್ಯಲ್ಲ, ಫೆಲ್ಟು, ಅದಕ್ಕೆ ಹೊಲಿಯೋವಾಗ ದಾರ ಸಲೀಸಾಗಿ ಹೋಗ್ಲಿ ಅಂತ ಸೋಪು ಹಚ್ಚೋದು. ಗಂಟು ಹಾಕೋ ಹಂಗಿಲ್ಲ. ಗಂಟಿದ್ರೆ ಕಾಗದದ ಮೇಲೆ ಅಚ್ಚು ಬೀಳುತ್ತೆ, ಮೇಸ್ತ್ರಿ ಚರ್ಮ ಸುಲೀತಾನೆ."

"ಸಂಘದಲ್ಲಿ ಫೆಲ್ಟ್ ಹೊಲಿಯೋರು ಎಷ್ಟು ಜನ?"

ಕರಿಯಣ್ಣ ತಾನು ಕುಳಿತಿದ್ದ ಹಲಗೆದೋಣಿಯಿಂದ ಮೆಲ್ಲಗೆ ಎದ್ದು ನಿಂತ. "ಒಬ್ರೇ. ಈ ಹಲಗೆದೋಣಿ ಮಾಡಿದೋರು."

ಮುರುಗೇಶಪ್ಪ, ವಯಸ್ಸು 46. ಬೆಳಗಿನ ಪಾಳಿ ಮುಗಿಸಿ ಕ್ವಾರ್ಟರ್ಸಿಗೆ ಬಂದು ಜಗುಲಿಯಲ್ಲಿ ಕುಳಿತಿದ್ದ. ಪೊಲೀಸರನ್ನು ಕಂಡು ಏಳಲಿಲ್ಲ. ಬರುವುದು ತಡವಾಯಿತು ಎನ್ನುವ ಹಾಗೆ ನೋಡಿದ.

"ಕರಿಯಣ್ಣ ಹೇಗಿದಾನೆ ಸ್ವಾಮಿ?"

"ಬದುಕಿದಾನೆ. ಹೊಲಿಗೆ ಬಿಚ್ಚಿದ್ದು ನೀನಾ?"

"ಹೌದು."

"ಯಾವಾಗ?"

"ಭಾನುವಾರ ಮಧ್ಯಾಹ್ನ. ಎಲ್ಲ ಊಟಕ್ಕೆ ಅಂತ ಮನೆಗೆ ಹೋಗಿದ್ರು, ಸಂಜೆವರೆಗೂ ಯಾರೂ ಬರ್ಲಿಲ್ಲ."

"ಅವನನ್ನ ಮುಳುಗಿಸ್ಬೇಕು ಅಂತಾನಾ?"

"ಶಿವ ಶಿವಾ! ಜಿನುಗ್ಬೇಕು ಅಂತ ಅಷ್ಟೇ. ಕಾಲಡಿ ಒಂದಿಷ್ಟು ನೀರು ಜಿನುಗಿದ್ರೆ ಇದನ್ನ ನಂಬಕ್ಕಾಗಲ್ಲ ಅಂತ ಶಿವಮೊಗ್ಗಕ್ಕೆ ಹಲಗೆದೋಣಿ ತಗೊಂಡು ಹೋಗ್ತಾರೆ ಅಂದ್ಕೊಂಡೆ. ಎರಡು ವರ್ಷ ನಾನೇ ಒಂದೊಂದು ಹಲಗೆ ಬೆಂಕೀಲಿ ಕಾಯ್ಸಿ ಬಗ್ಗಿಸಿ ಮಾಡಿದ್ದು. ಸಂಘ ಅಂತ ಹುಟ್ಟಿದ್ದೇ ಆ ದೋಣಿಯಿಂದ. ಹತ್ತು ತಿಂಗಳಿಂದ ಅದರ ಮೇಲೆ ಚಡ್ಡಿ ಒಣಗಿಸ್ತಿದಾರೆ."

"ಗಂಟು ಯಾಕೆ ಹಾಕ್ಲಿಲ್ಲ? ಅದಕ್ಕೇ ಒಂದೇ ಸಲ ಬಾಯಿಬಿಡ್ತು."

ಮುರುಗೇಶಪ್ಪ ತನ್ನ ಎರಡೂ ಕೈಗಳನ್ನು ನೋಡಿಕೊಂಡ.

"ಗಂಟಾ? ಇಪ್ಪತ್ತು ವರ್ಷ ಆಯ್ತು ಸ್ವಾಮಿ, ಗಂಟು ಹಾಕಿ. ಕೈಗೆ ನೆನಪೇ ಆಗ್ಲಿಲ್ಲ."

ಸಂಜೆ 4.50ಕ್ಕೆ ದಸ್ತಗಿರಿ ಮಾಡಿದರು. ಅದಕ್ಕೆ ಮೊದಲೇ ಪೀರ್ ಬಾಷಾನನ್ನು ಮನೆಗೆ ಕಳಿಸಿದ್ದರು. ಜೀಪು ಹತ್ತುವಾಗ ಮುರುಗೇಶಪ್ಪ ಕೇಳಿದ: "ಯಾರು ಕಂಡುಹಿಡಿದ್ರು ಇದನ್ನ?"

"ದೋಣಿ ಹೊಲಿದೋರು," ಎಂದ ರಸೂಲ್ ಸಾಬ್. "ಪೀರ್ ಬಾಷಾನ ಹೆಂಡತಿ."

"ಹೆಣ್ಮಗಳಾ?" ಅವನು ಒಂದು ಕಾಲು ಮೆಟ್ಟಿಲ ಮೇಲಿಟ್ಟು ಹಾಗೇ ನಿಂತ. "ಆ ಒಂದು ಗೇಣು ಬಿಚ್ಚಕ್ಕೆ ನನಗೆ ಎರಡು ಗಂಟೆ ಹಿಡೀತು ಅಂತ ಆಕೆಗೆ ಹೇಳಿ."

ಮರುದಿನ ಹೇಳಿಕೆಗೆ ಸಹಿ ಹಾಕಿಸಲು ಬಂದಾಗ ರಸೂಲ್ ಸಾಬ್ ಆ ಮಾತನ್ನು ಹಾಗೆಯೇ ಒಪ್ಪಿಸಿದ. ಅಮೀರುನ್ನೀಸಾ ತಲೆ ತಗ್ಗಿಸಿ ಕನ್ನಡದಲ್ಲಿ ತನ್ನ ಪೂರ್ತಿ ಹೆಸರು ಬರೆದಳು. ಅವನು ಹೋದ ಮೇಲೆ ಒಲೆಯ ಮುಂದೆ ಕುಳಿತಾಗ, ಒಬ್ಬಳೇ ಇದ್ದಾಗ, ನಗು ಬಂತು. ನಿಖಾ ಆದ ದಿನದಿಂದ ಯಾರೂ ಅವಳಿಗೆ ಅಷ್ಟು ದೊಡ್ಡ ಮಾತು ಹೇಳಿರಲಿಲ್ಲ. ಹೇಳಿದವನು ಲಾಕಪ್ಪಿನಲ್ಲಿದ್ದ.

ಪಂಚನಾಮೆಯ ಗುರುತಿಗಾಗಿ ಆ ಗೇಣುದ್ದದ ಬಟ್ಟೆಯನ್ನು ಪೊಲೀಸರು ಕತ್ತರಿಸಿ ಇಟ್ಟುಕೊಂಡಿದ್ದರು. ಆ ಜಾಗಕ್ಕೆ ಅವಳು ಹೊಸ ಪಟ್ಟಿ ಕೂರಿಸಿ ನಾಲ್ಕು ದಿನದಲ್ಲಿ ಹೊಲಿದು ಕೊಟ್ಟಳು. 26ರಂದು ಕಾಗದನಗರದ ಮೂರು ಬಸ್ಸು ಜನ ಶಿವಮೊಗ್ಗಕ್ಕೆ ಹೋದರು. ತುಂಗೆಯ ದಡದಲ್ಲಿ ಹೆಂಗಸರ ನಡುವೆ ಅಮೀರುನ್ನೀಸಾ ನಿಂತಿದ್ದಳು. ಎಲ್ಲರೂ ಕರಿಯಣ್ಣನ ಹುಟ್ಟನ್ನು ನೋಡುತ್ತಿದ್ದರೆ ಅವಳ ಕಣ್ಣು ದೋಣಿಯ ಮಗ್ಗುಲಲ್ಲಿ, ನೀರಿನ ಗೆರೆಯಲ್ಲಿ. ಆ ಗೆರೆ ಒಂದು ಅಂಗುಲವೂ ಮೇಲೇರಲಿಲ್ಲ. ಎರಡು ದೋಣಿಯುದ್ದ ಮುಂದಾಗಿ ಗುರಿ ಮುಟ್ಟಿದ ಕರಿಯಣ್ಣ ದೋಣಿಯನ್ನು ದಡಕ್ಕೆಳೆದು, ಕೈ ಒರೆಸಿಕೊಂಡು, ಒಳಗೆ ಅಂಗೈ ಹಾಕಿ ಸವರಿ, ಎಲ್ಲರಿಗೂ ಎತ್ತಿ ತೋರಿಸಿದ. ಕೈ ಒದ್ದೆಯಾಗಿರಲಿಲ್ಲ.

"ನಮ್ಮ ಪೀರ್ ಬಾಷಾನ ಕೈಯಂದ್ರೆ ಕೈ!" ಎಂದು ಉಜ್ಜನಪ್ಪ ಗಟ್ಟಿಯಾಗಿ ಹೇಳಿ ಅವನಿಗೆ ಹಾರ ಹಾಕಿದರು. ಅವರಿಗೆ ಸತ್ಯ ಗೊತ್ತಿತ್ತು. ಬಜಾರಿನಲ್ಲಿ ಹೇಳಬೇಡಿ ಎಂದು ಪೀರ್ ಬಾಷಾ ಅಂದು ದೋಣಿಮನೆಯಲ್ಲಿದ್ದವರನ್ನೆಲ್ಲ ಕೈಮುಗಿದು ಬೇಡಿಕೊಂಡಿದ್ದ, ಅವರು ಒಪ್ಪಿದ್ದರು. ಪೀರ್ ಬಾಷಾ ಹೆಂಗಸರು ನಿಂತಿದ್ದ ಕಡೆ ಒಮ್ಮೆ ನೋಡಿ, ಆಮೇಲೆ ಎದೆಯ ಮೇಲಿನ ಹಾರವನ್ನೇ ನೋಡುತ್ತ ನಿಂತ.

ಜನವರಿ 31ರಂದು ಕಲ್ಲಪ್ಪ ಸಮನ್ಸ್ ತಂದುಕೊಟ್ಟ. ಸಾಕ್ಷಿ ಅಮೀರುನ್ನೀಸಾ, ಮಾರ್ಚ್ 12, ಸೋಮವಾರ, ಬೆಳಿಗ್ಗೆ 11 ಗಂಟೆಗೆ ಶಿವಮೊಗ್ಗದ ಕೋರ್ಟಿನಲ್ಲಿ ಹಾಜರಿರಬೇಕು. ಮುರುಗೇಶಪ್ಪ ಜಾಮೀನಿನ ಮೇಲೆ ಹೊರಗೆ ಬಂದಿದ್ದ, ಆದರೆ ಕಾರ್ಖಾನೆಯವರು ಒಳಗೆ ಬಿಟ್ಟಿರಲಿಲ್ಲ. ಕೊಲ್ಲಲೆಂದೇ ಮಾಡಿದ ಎಂದು ಕಾಗದನಗರದಲ್ಲಿ ಮಾತಾಡಿಕೊಳ್ಳುತ್ತಿದ್ದರು.

ಪೀರ್ ಬಾಷಾ ತಾನೇ ಎರಡು ಲೋಟ ಚಹಾ ಮಾಡಿ ತಂದು ಅವಳ ಎದುರು ಕುಳಿತ.

"ಕೋರ್ಟಲ್ಲಿ ನಿನ್ನ ಹೆಸರು ಕೂಗ್ತಾರೆ. ಬಜಾರಿನೋರೆಲ್ಲ ಬಂದಿರ್ತಾರೆ," ಎಂದ. "ಹುಷಾರಿಲ್ಲ ಅಂತ ಡಾಕ್ಟರ ಹತ್ರ ಚೀಟಿ ಬರೆಸ್ತೀನಿ. ನಾನೇ ಹೋಗಿ ಹೇಳ್ತೀನಿ. ಏನು, ಸೋಪು, ಗಂಟು, ಅಷ್ಟೇ ತಾನೆ?"

ಅಷ್ಟೇ ಅಲ್ಲ ಎಂದು ಅವಳಿಗೆ ಗೊತ್ತಿತ್ತು. ಆ ಗೇಣಿನಲ್ಲಿ ದುಂಡು ತೂತುಗಳು ಒಂದಕ್ಕೊಂದು ಎಷ್ಟು ಹತ್ತಿರ ಇದ್ದವು, ಎಷ್ಟು ನೇರವಾಗಿದ್ದವು! ಕೊಲ್ಲುವ ಮನಸ್ಸಿದ್ದವನು ಹಾಗೆ ಹೊಲಿಯುವುದಿಲ್ಲ. ಕೊನೆಯಲ್ಲಿ ಒಂದು ಗಂಟು ಇದ್ದಿದ್ದರೆ ಆ ಹೊಲಿಗೆ ಜಿನುಗುತ್ತಿತ್ತು, ಬಾಯಿಬಿಡುತ್ತಿರಲಿಲ್ಲ. ಜಿನುಗಲಿ ಎಂದಷ್ಟೇ ಮಾಡಿದೆ ಎಂದು ಮುರುಗೇಶಪ್ಪ ಹೇಳಿದ್ದು ನಿಜ. ಅದು ನಿಜವೆಂದು ತೂತುಗಳನ್ನು ಓದಿದವಳು ಮಾತ್ರ ಹೇಳಬಲ್ಲಳು, ಮತ್ತು ಹೇಳಬೇಕಾದರೆ ದೋಣಿ ಹೊಲಿದವಳು ನಾನು ಎಂದೇ ಶುರುಮಾಡಬೇಕು. ಹಾಜರಾಳನ್ನೂ ಕರೆಯುವುದು ಬೇಡ. ಎಂಟು ಗಂಟೆಯ ಬಸ್ಸು ಹಿಡಿದರೆ ಹತ್ತಕ್ಕೆ ಮೊದಲೇ ಶಿವಮೊಗ್ಗ.

"ಏನಂತೀಯ?" ಪೀರ್ ಬಾಷಾ ಕೇಳಿದ.

"ಚಹಾ ಆರ್ತಿದೆ," ಎಂದಳು ಅಮೀರುನ್ನೀಸಾ. "ಕುಡೀರಿ."