ಎತ್ತುವ ಮೊದಲು ಒಂದು ಮಾತು

“ನಿಲ್ಲಿ! ಕೂಸನ್ನು ಹಾಗೆ ಎತ್ತಬೇಡಿ!”

ಸುಪ್ರಿಯಾ ಬೆಚ್ಚಿಬಿದ್ದಳು. ಕುಮಟಾದ ಆ ತರಬೇತಿ ಕೋಣೆಯಲ್ಲಿದ್ದ ಹೆಂಗಸರೆಲ್ಲ ತಿರುಗಿ ಅವಳನ್ನೇ ನೋಡಿದರು.

ಅವಳು ಮಾಡಿದ್ದಾದರೂ ಏನು? ಜೊತೆಗೆ ಕಲಿಯಲು ಬಂದಿದ್ದವಳೊಬ್ಬಳ ಕೂಸು ಚಾಪೆಯ ಮೇಲೆ ಅಳುತ್ತಿತ್ತು. ತಾಯಿ ನೀರು ಕುಡಿಯಲು ಹೊರಗೆ ಹೋಗಿದ್ದಳು. ಸುಪ್ರಿಯಾ ಹಿಂದಿನಿಂದ ಬಗ್ಗಿ, ಕಂಕುಳಿಗೆ ಕೈ ಹಾಕಿ ಎತ್ತಿದ್ದಳು, ಅಷ್ಟೇ!

ಕೂಗಿದವನು ನಿತೇಶ. ಕರ್ಕಿಯವನು, ತರಬೇತಿ ಕೊಡಲು ಬಂದಿದ್ದವನು.

“ಎತ್ತುವ ಮೊದಲು ಹೇಳಿದಿರಾ?” ಎಂದು ಕೇಳಿದ.

“ಯಾರಿಗೆ?”

“ಕೂಸಿಗೆ.”

ಕೋಣೆ ತುಂಬ ನಗು.

“ಐದು ತಿಂಗಳ ಕೂಸು, ಮಾಸ್ತರೇ! ಅದಕ್ಕೆ ಎಂತ ಹೇಳುದು? ಅರ್ಜಿ ಬರೆದು ಕೊಡೂದಾ?” ಎಂದಳು ಸುಪ್ರಿಯಾ.

ನಗು ಇನ್ನೂ ಜೋರಾಯಿತು. ನಿತೇಶ ಮಾತ್ರ ನಗಲಿಲ್ಲ. ಬಂದು ನೆಲದ ಮೇಲೆ ಕುಳಿತ. ಕೂಸನ್ನು ಚಾಪೆಯ ಮೇಲೆ ಮಲಗಿಸಿಕೊಂಡು, ತನ್ನ ಮುಖ ಅದಕ್ಕೆ ಕಾಣುವಂತೆ ಬಾಗಿದ. ಎರಡೂ ಕೈ ಚಾಚಿ, “ಎತ್ತಿಕೊಳ್ಳಲಾ, ಪುಟ್ಟಾ?” ಎಂದ. ಹೇಳಿ, ಸ್ವಲ್ಪ ಕಾದ. ಆಮೇಲೆ ಎತ್ತಿದ.

“ಇವತ್ತು ಇದಕ್ಕೆ ತಿಳಿಯೂದಿಲ್ಲ. ದಿನಾ ಹೇಳಿದ್ರೆ ಒಂದು ದಿನ ತಿಳೀತದೆ. ಕೈ ತೊಳೆಯುದು, ಮಲಗಿಸುದು, ಗಂಟಲಲ್ಲಿ ಏನಾದರೂ ಸಿಕ್ಕಿದ್ರೆ ತೆಗೆಯುದು, ಎಲ್ಲ ಕಲಿಸ್ತೇನೆ. ಆದರೆ ಮೊದಲಿನ ಪಾಠ ಇದು. ಕೂಸು ಸಾಮಾನಲ್ಲ.”

ಸುಪ್ರಿಯಾಳ ಕಿವಿ ಕೆಂಪಾಗಿತ್ತು. ಚಹದ ಹೊತ್ತಿನಲ್ಲಿ ಅವನು ಹತ್ತಿರ ಬಂದ.

“ತಪ್ಪಾಯಿತು. ಕೂಸಿಗೆ ಹೇಳಿ ಎತ್ತಿ ಅನ್ನುವ ನಾನೇ ನಿಮಗೆ ಹೇಳದೆ ಕೂಗಿಬಿಟ್ಟೆ.”

“ಕಲಿಸುವವರಿಗೂ ತರಬೇತಿ ಕಮ್ಮಿ ಆಗಿದೆ, ಮಾಸ್ತರೇ,” ಎಂದಳು ಅವಳು.

ಈಗ ನಿತೇಶ ನಕ್ಕ. ಅವಳಿಗೆ ಮಾತ್ರ ನಗು ಬರಲಿಲ್ಲ. ಆದರೂ ಆ ಮಾತು ಮನಸ್ಸಿನಲ್ಲಿ ಎಲ್ಲಿಯೋ ಕುಳಿತುಬಿಟ್ಟಿತು... ಹೇಳಿ ಎತ್ತುವುದು!

ಅವಳಿಗೆ ಯಾರು ಹೇಳಿದ್ದರು? ಹಿಂದೊಮ್ಮೆ ಅವಳ ಮದುವೆ ನಿಶ್ಚಯವಾಗಿತ್ತು. ಆಮೇಲೆ ಮುರಿದುಹೋಯಿತು. ನಿಶ್ಚಯವಾದದ್ದನ್ನೂ ಮುರಿದದ್ದನ್ನೂ ಅವಳು ಅಡುಗೆಮನೆಯ ಬಾಗಿಲ ಹಿಂದೆ ನಿಂತೇ ಕೇಳಿಸಿಕೊಂಡಿದ್ದಳು.

* * *

ತರಬೇತಿ ಮುಗಿಸಿದವರಿಗೆ ಮಾತ್ರ ಕೂಸಿನ ಮನೆಯಲ್ಲಿ ಕೆಲಸ. ಕೂಲಿಗೆ ಹೋಗುವ ತಾಯಂದಿರು ಹಗಲಿನಲ್ಲಿ ಕೂಸುಗಳನ್ನು ಬಿಟ್ಟುಹೋಗುವ ಪಂಚಾಯತಿಯ ಮನೆ ಅದು. ಸುಪ್ರಿಯಾಳಿಗೆ ತನ್ನ ಊರು ಹಿರೇಗುತ್ತಿಯಲ್ಲೇ ಕೆಲಸ ಸಿಕ್ಕಿತು.

ಅಲ್ಲಿಗೆ ಪೂರ್ಣಿಮಾ ಬರುತ್ತಿದ್ದಳು. ಗದ್ದೆಯ ಕಟ್ಟೆ ಕೆಲಸಕ್ಕೆ ಹೋಗುವ ದೇವಿಯ ಮಗಳು. ಅದುವರೆಗೂ ಕೆಲಸದ ಜಾಗದಲ್ಲೇ ಬೆಳೆದ ಕೂಸು. ಬಿಸಿಲು ಬಂದರೆ ಒಬ್ಬರು ಎತ್ತಿ ಆಚೆ ಇಡುವರು, ಮಣ್ಣು ಬಂದರೆ ಇನ್ನೊಬ್ಬರು ಎತ್ತಿ ಈಚೆ ಇಡುವರು. ಹೀಗಾಗಿ ಯಾರು ಮುಟ್ಟಿದರೂ ಮೈಯನ್ನು ಕಟ್ಟಿಗೆಯಂತೆ ಸೆಟೆಸಿ, ಉಸಿರು ಕಟ್ಟಿ ಅಳುತ್ತಿತ್ತು.

ಮಾಸ್ತರ ಮಾತು ಸುಳ್ಳೆಂದು ತೋರಿಸಿಬಿಡೋಣ ಎಂಬ ಹಟದಿಂದಲೇ ಸುಪ್ರಿಯಾ ಶುರುಮಾಡಿದಳು. ಎದುರು ಕುಳಿತು ಕೈ ಚಾಚುವಳು. “ಎತ್ತಿಕೊಳ್ಳಲಾ, ಪೂರ್ಣೀ?” ಕಾಯುವಳು. ಕೂಸು ಸೆಟೆಯುವುದು. ಮರುದಿನ ಮತ್ತೆ ಅದೇ.

ತರಬೇತಿ ಪಡೆದವರ ಕೆಲಸ ನೋಡಲು ನಿತೇಶ ಆಗಾಗ ಬರುತ್ತಿದ್ದ.

“ಎಂತ, ಅರ್ಜಿ ಇನ್ನೂ ಪಾಸಾಗಲಿಲ್ಲವಾ?”

“ಸಾಹೇಬರು ಸಿಟ್ಟಲ್ಲಿದ್ದಾರೆ. ನಾಳೆ ಬನ್ನಿ ಅಂದ್ರು.”

ಇಬ್ಬರೂ ನಗುತ್ತಿದ್ದರು. ಕೂಸುಗಳು ನಿದ್ದೆಹೋದ ಒಂದು ಮಧ್ಯಾಹ್ನ, ಆ ಅಡುಗೆಮನೆಯ ಬಾಗಿಲ ಕಥೆಯನ್ನು ಅವಳು ಅವನಿಗೆ ಹೇಳಿದಳು. ಅವನು ಸಮಾಧಾನದ ಮಾತೇನೂ ಆಡಲಿಲ್ಲ. ಸುಮ್ಮನೆ ಕೇಳಿಸಿಕೊಂಡ. ಅದೇ ಅವಳಿಗೆ ಸಮಾಧಾನವೆನಿಸಿತು.

ಆ ದಿನವೇ ಅದು ನಡೆದದ್ದು.

ಪೂರ್ಣಿಮಾಳಿಗೆ ಎಚ್ಚರವಾಯಿತು. ಸುಪ್ರಿಯಾ ಎಂದಿನಂತೆ ಕೈ ಚಾಚಿ, “ಎತ್ತಿಕೊಳ್ಳಲಾ?” ಎಂದಳು. ಕೂಸು ಅವಳ ಕೈಗಳನ್ನು ನೋಡಿತು. ಮುಖವನ್ನು ನೋಡಿತು. ಆಮೇಲೆ... ತನ್ನ ಎರಡೂ ಪುಟ್ಟ ತೋಳುಗಳನ್ನು ಮೆಲ್ಲಗೆ ಮೇಲೆತ್ತಿತು!

ಸುಪ್ರಿಯಾಳಿಗೆ ಗರ್ಭಗುಡಿಯ ಪರದೆ ಸರಿದು, ದೀಪದ ಬೆಳಕಿನಲ್ಲಿ ದೇವರ ಮುಖ ಕಂಡ ಕ್ಷಣದಂತಿತ್ತು. ಮಾತು ಬಾರದ ಈ ಜೀವದೊಳಗೆ ಯಾರೋ ಕುಳಿತು ಇಷ್ಟು ದಿನವೂ ಕೇಳುತ್ತಿದ್ದರು. ಒಪ್ಪಿಗೆ ಕೊಡಬಲ್ಲ ಒಬ್ಬರು ಅಲ್ಲಿದ್ದರು!

ಎತ್ತಿಕೊಂಡಳು. ಮೈ ಸೆಟೆಯಲಿಲ್ಲ. ಕೂಸು ಅವಳ ಹೆಗಲ ಮೇಲೆ ತಲೆ ಇಟ್ಟಿತು.

“ನೋಡಿದ್ರಾ...” ಎಂದು ತಿರುಗಿದಳು. ಬಾಗಿಲ ಬಳಿ ನಿಂತಿದ್ದ ನಿತೇಶ ತನಗೆ ಅರಿವಿಲ್ಲದೆಯೇ ಕೈಮುಗಿದಿದ್ದ.

‘ದೇವರೇ, ನನಗೆ ಈ ಮನುಷ್ಯ ಬೇಕು,’ ಎಂದುಕೊಂಡಳು ಸುಪ್ರಿಯಾ. ಬಾಯಿ ಬಿಟ್ಟು ಹೇಳಲಿಲ್ಲ.

* * *

ಕೆಲವು ದಿನ ಕಳೆದ ಮೇಲೆ, ಒಂದು ಸಂಜೆ ಮಗಳನ್ನು ಕರೆದೊಯ್ಯಲು ಬಂದ ದೇವಿ ಕಣ್ಣು ಅರಳಿಸಿ ಕೇಳಿದಳು.

“ಅಕ್ಕೋರೇ, ಸಿಹಿ ಎಲ್ಲಿ?”

“ಎಂತಕ್ಕೆ?”

“ಹೋಗಿ, ಗೊತ್ತಿಲ್ಲದ ಹಾಂಗೆ ಮಾಡಬೇಡಿ! ಕರ್ಕಿ ಮಾಸ್ತರ ಮನೆಯ ಹಿರಿಯರು ನಿನ್ನೆ ಬಂದು ಹೋದ್ರಂತೆ, ನಿಮ್ಮಪ್ಪ ಆತು ಅಂದ್ರಂತೆ. ಊರೆಲ್ಲ ಅದೇ ಮಾತು!”

ಸುಪ್ರಿಯಾ ಮನೆಗೆ ಓಡಿದಳು. ತಂದೆ ವಿಶ್ವನಾಥ ಜಗಲಿಯಲ್ಲಿ ಸಂತೋಷದಿಂದ ಕುಳಿತಿದ್ದರು.

“ಒಳ್ಳೆ ಹುಡುಗ ಮಗಳೇ. ನಾ ಆತು ಅಂದೆ. ಜಾತಕ ನೋಡಿ ಆಮೇಲೆ ನಿಂಗೆ ಹೇಳ್ವ ಅಂತ ಇದ್ದೆ.”

“ನನ್ನ ಕೇಳದೇ?”

“ಕೇಳೂದೆಂತ? ನಿಂಗೆ ಅವ ಬೇಡವಾ?”

“ಬೇಕು ಅಂತ ನಾ ಯಾವಾಗ ಹೇಳಿದೆ ಅಪ್ಪಾ?”

ಬೇಕಾಗಿತ್ತು. ಅದೇ ನೋವು! ಬೇಕಾದದ್ದೇ ಕೈಗೆ ಬಂದಿತ್ತು, ಆದರೆ ಹಿಂದಿನಿಂದ ಬಂದು ಎತ್ತಿಕೊಂಡ ಹಾಗೆ. ಅವಳು ಫೋನು ಹಚ್ಚಿದಳು.

“ಮಾಸ್ತರೇ, ಕೂಸಿಗೂ ಹೇಳಿ ಎತ್ತಬೇಕು ಅಂದವರು ನೀವು. ನನ್ನ ಕಥೆ ಕೇಳಿದವರೂ ನೀವೇ. ನಂಗೆ ಯಾರು ಹೇಳಿದ್ರು? ಈ ಮದುವೆ ಬೇಡ.”

ಅವನ ಉತ್ತರಕ್ಕೂ ಕಾಯಲಿಲ್ಲ. ಆ ರಾತ್ರಿ ಅನ್ನ ಇಳಿಯಲಿಲ್ಲ.

* * *

ಮರುದಿನ ನಡುಹಗಲು. ಕೂಸುಗಳ ಊಟ ಮುಗಿದಿತ್ತು. ಹೊರಗೆ ನಲ್ಲಿಯ ಸದ್ದು... ಯಾರೋ ಸಾಬೂನು ಹಚ್ಚಿ ಕೈ ತೊಳೆಯುತ್ತಿದ್ದರು. ನಿತೇಶ ಬಂದು ಹೊಸ್ತಿಲ ಆಚೆ ನಿಂತ.

“ಒಳಗೆ ಬರಲಾ?”

ಸುಪ್ರಿಯಾ ಊಟದ ತಟ್ಟೆಗಳನ್ನು ಒಟ್ಟುಮಾಡುತ್ತಲೇ ಇದ್ದಳು. ಅವನೂ ಒಳಗೆ ಬರಲಿಲ್ಲ. ಕೊನೆಗೆ ಅವಳೇ, “ಬನ್ನಿ,” ಎಂದಳು.

ಅವನು ದೂರದಲ್ಲೇ ನೆಲದ ಮೇಲೆ ಕುಳಿತ. ಮುಖ ಬಾಡಿತ್ತು.

“ನಿಮ್ಮ ಹತ್ರ ನೇರ ಹೇಳಿದ್ರೆ ಊರವರ ಬಾಯಿಗೆ ನೀವು ಬೀಳ್ತೀರಿ, ಹಿರಿಯರು ಬಂದು ಕೇಳಿದ್ರೆ ನಿಮಗೆ ಮರ್ಯಾದೆ ಅಂದುಕೊಂಡೆ. ನಮ್ಮ ಕಡೆ ನಡೆದು ಬಂದದ್ದೇ ಹಾಗೆ. ಅದೇ ತಪ್ಪಾಗಿ ಹೋತು.”

“ಈಗ ಹೇಳಿ ಎಂತ ಪ್ರಯೋಜನ? ಅಪ್ಪ ಆತು ಅಂದಾಗಿದೆ.”

“ಈಗಷ್ಟೇ ಅವರ ಹತ್ರ ಹೋಗಿ ಬಂದೆ. ಆ ಮಾತನ್ನು ವಾಪಸು ತಗೊಳ್ಳಿ, ಸುಪ್ರಿಯಾ ಹೇಳುವವರೆಗೆ ಯಾವುದೂ ನಿಶ್ಚಯ ಅಲ್ಲ ಅಂದೆ. ಬೈದರು. ಆಮೇಲೆ ಹೂಂ ಅಂದರು. ನೀವು ಬೇಡ ಅಂದ್ರೆ ಇನ್ನು ಯಾರೂ ಈ ಮಾತು ಎತ್ತೂದಿಲ್ಲ. ನಾನೂ ಸಹ.”

ಅವಳು ಬೆರಗಾಗಿ ನೋಡಿದಳು. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಅವಳ ಬದುಕಿನ ಒಂದು ಮಾತು ಅವಳ ಕೈಯಲ್ಲೇ ಇತ್ತು!

ನಿತೇಶ ಎರಡೂ ಕೈ ಚಾಚಿದ.

“ಸುಪ್ರಿಯಾ... ನಿಮ್ಮ ಕೈ ಹಿಡೀಲಾ?”

ಹೇಳಿ, ಕಾದ.

ಅಷ್ಟರಲ್ಲಿ ಚಾಪೆಯ ಮೇಲಿದ್ದ ಪೂರ್ಣಿಮಾ ಆ ಚಾಚಿದ ಕೈಗಳನ್ನು ಕಂಡಳು. ಅಂಬೆಗಾಲಿಟ್ಟು ಸರಸರನೆ ಬಂದು, ಅವನ ಮುಂದೆ ಕುಳಿತು, ತೋಳು ಮೇಲೆತ್ತಿದಳು!

ಸುಪ್ರಿಯಾಳಿಗೆ ಕಣ್ಣೀರಿನ ನಡುವೆಯೇ ನಗು ಉಕ್ಕಿತು.

“ಮೊದಲು ಸಾಹೇಬರ ಅರ್ಜಿ ನೋಡಿ, ಮಾಸ್ತರೇ.”

“ಎತ್ತಿಕೊಳ್ಳಲಾ, ಪೂರ್ಣೀ?” ಎಂದು ಅವನು ಕೂಸನ್ನು ಎತ್ತಿ ಎದೆಗೆ ಒರಗಿಸಿಕೊಂಡ. ಇನ್ನೊಂದು ಕೈಯನ್ನು ಮತ್ತೆ ಮುಂದೆ ಚಾಚಿದ.

“ಈಗ ಒಂದೇ ಕೈ ಉಳಿದಿದೆ.”

“ಸಾಕು,” ಎಂದಳು ಸುಪ್ರಿಯಾ. ತಾನಾಗಿಯೇ ಎದ್ದು, ತಾನಾಗಿಯೇ ಹತ್ತಿರ ಹೋಗಿ, ತನ್ನ ಕೈಯನ್ನು ಆ ಕೈಯೊಳಗೆ ಇಟ್ಟಳು.

“ನಿಮ್ಮಪ್ಪನಿಗೆ ಯಾರು ಹೇಳೂದು?” ಎಂದು ಅವನು ಮೆಲ್ಲಗೆ ಕೇಳಿದ.

“ನಾನೇ ಹೇಳ್ತೆ. ಜಗಲಿಯಲ್ಲಿ, ಅವರ ಎದುರಿಗೇ ಕೂತು.”