ಫರಂಗಿ ಪಟ್ಟ

ಸುಭಾಷ ತೀರಿಕೊಂಡ ಸುದ್ದಿ ಬಂದಾಗ ಅರುಣಕುಮಾರ ವಿಜಯಪುರದ ತನ್ನ ಅಂಗಡಿಯಲ್ಲಿ ಸುಟ್ಟುಹೋದ ಪಂಪಿನ ಮೋಟಾರು ಬಿಚ್ಚಿಕೊಂಡು ಕೂತಿದ್ದ. ಬೆಳಗಿನ ಒಂಬತ್ತೂವರೆ ಆಗಿತ್ತು. ಫೋನು ಮಾಡಿದವನು ಬಿಜ್ಜರಗಿಯ ಕುರಿಗಾರ ಅಮಸಿದ್ದ, ಸುಭಾಷನ ಗೆಳೆಯ.

"ಮಾಮಾರ, ಸುಭಾಷ ಏಳವಲ್ಲ."

"ಮಾರಿಗೆ ನೀರು ಹೊಡಿಯೋ. ರಾತ್ರೆಲ್ಲಾ ಕಂಪ್ಯೂಟರಿನಾಗ ಆಟ ಆಡಿ ಆಡಿ ಮಲಗಿರತಾನ."

"ಮಲಗಿಲ್ರಿ. ಕುರ್ಚಿ ಮ್ಯಾಲ ಕುಂತಾನ. ಕಣ್ಣು ತಗದಾವು."

ಸುಭಾಷ ಅರುಣಕುಮಾರನ ಹೆಂಡತಿ ನಿರ್ಮಲಾಳ ತಮ್ಮ. ಇಪ್ಪತ್ತೆಂಟರ ಹುಡುಗ. ಹೆತ್ತವರು ಬೇಗ ಹೋದ ಮೇಲೆ ಅಕ್ಕ ತಮ್ಮ ಇಬ್ಬರನ್ನೂ ಸಾಕಿದವಳು ಸೋದರತ್ತೆ ಹುಚ್ಚವ್ವ. ಹೆಂಡತಿಯನ್ನೂ ಏಳು ವರ್ಷದ ಮಗಳು ಕಾವ್ಯಾಳನ್ನೂ ಕರೆದುಕೊಂಡು ಅರುಣಕುಮಾರ ಬಿಜ್ಜರಗಿ ಮುಟ್ಟುವಷ್ಟರಲ್ಲಿ ಅಂಗಳದ ತುಂಬ ಜನ ಸೇರಿದ್ದರು. ಡಾಕ್ಟರು ಬಂದು ನೋಡಿ, ಎದೆಬಡಿತ ನಿಂತಿದೆ ಎಂದು ಹೇಳಿ ಹೋಗಿದ್ದರು. ಅರುಣಕುಮಾರ ಬಗ್ಗಿ ಹುಡುಗನ ಮುಖ ನೋಡಿದ. ತುಟಿಯ ಮೇಲೆ ಬೆಳ್ಳಗೆ ಉಪ್ಪು ಕಟ್ಟಿತ್ತು. ಬೆವರು ಒಣಗಿರಬೇಕು ಅಂದರು ಯಾರೋ. ಗಟ್ಟಿಮುಟ್ಟಾದ ಹುಡುಗನ ಎದೆ ಸುಮ್ಮನೆ ನಿಲ್ಲುತ್ತದೆಯೇ? ಆ ಕ್ಷಣದಿಂದಲೇ ಅವನ ಮನಸ್ಸಿಗೆ ಸಂಶಯ ಹೊಕ್ಕಿತು.

ಮಣ್ಣು ಮಾಡಿ ಬಂದ ಮರುದಿನ ಹುಚ್ಚವ್ವ ಉಡಿಯಲ್ಲಿ ಜೋಳ ಕಟ್ಟಿಕೊಂಡು ದ್ರಾಕ್ಷಿ ತೋಟಕ್ಕೆ ಹೋದಳು. ಬಳ್ಳಿ ಕತ್ತರಿಸುವ ಚಾಟ್ನಿ ಕೆಲಸವನ್ನು ಸುಭಾಷ ಒಂದು ಸಾಲಿನ ನಡುವೆ ಬಿಟ್ಟುಹೋಗಿದ್ದ. ಸತ್ತವನು ಅರ್ಧಕ್ಕೆ ಬಿಟ್ಟ ಸಾಲನ್ನು ಆ ಮನೆಯಲ್ಲಿ ಯಾರೂ ಮುಂದುವರಿಸುವುದಿಲ್ಲ. ಮನೆಯ ಹಿರಿಯಳು ಬರಿಗಾಲಲ್ಲಿ ಆ ಸಾಲಿಗೆ ಇಳಿದು, ಉಡಿಯ ಕಾಳು ಚೆಲ್ಲಿ, "ನಿನ್ನ ಕೆಲಸ ಮುಗೀತು, ಹೋಗು" ಎಂದು ಸತ್ತವನನ್ನು ಬಿಡಿಸಬೇಕು. ಆಮೇಲೆ ಆಳುಗಳು ಇನ್ನೊಂದು ತುದಿಯಿಂದ ಹೊಸದಾಗಿ ಶುರುಮಾಡಬೇಕು. ಹುಚ್ಚವ್ವ ಹಾಗೆಯೇ ಮಾಡಿದಳು. ತಿರುಗಿ ಬಂದವಳು, ಒಣದ್ರಾಕ್ಷಿ ಶೆಡ್ಡಿನ ಪಕ್ಕದ ಕೋಣೆಯ ಬಾಗಿಲಲ್ಲಿ ಅಳಿಯನನ್ನು ನೋಡಿ ನಿಂತಳು. ಸುಭಾಷನ ಕಂಪ್ಯೂಟರು ಇದ್ದದ್ದು ಆ ಕೋಣೆಯಲ್ಲೇ.

"ಅಳ್ಯಾರ, ಅದನ್ನ ಮುಟ್ಟಬ್ಯಾಡ್ರಿ. ಅದರಾಗೂ ಏನೋ ಅರ್ಧಕ್ಕ ಬಿಟ್ಟಾನ. ಇನ್ನ ಮೂರು ದಿನ ತಡೀರಿ, ದಿನದ ಕರ್ಮ ಮುಗೀಲಿ. ನಾ ಬಂದು ಕಾಳು ಚೆಲ್ಲತೇನಿ."

"ಕಂಪ್ಯೂಟರಿಗೆ ಜ್ವಾಳ ಚೆಲ್ಲತೀಯೇನತ್ತಿ?" ಅರುಣಕುಮಾರ ನಕ್ಕ. "ಕೀಲಿಮಣಿ ಸಂದಿಯೊಳಗ ಮೊಳಕಿ ಒಡದಾವು."

ಹುಚ್ಚವ್ವ ನಗಲಿಲ್ಲ.

ಅವಳು ಅತ್ತ ಹೋದದ್ದೇ ಅರುಣಕುಮಾರ ಒಳಗೆ ಹೋದ. ಸುಭಾಷ ಯಾರ ಜೊತೆ ಮಾತಾಡುತ್ತಿದ್ದ, ಯಾರಿಗೆ ಅವನ ಮೇಲೆ ಹಗೆಯಿತ್ತು, ಇದರಲ್ಲಿ ಏನಾದರೂ ಸಿಕ್ಕೀತು ಎಂಬುದು ಅವನ ಲೆಕ್ಕಾಚಾರ. ಶೆಡ್ಡಿಗೆ ಹೊದಿಸಿದ ಹಸಿರು ಪರದೆಯಿಂದಾಗಿ ನಡುಹಗಲಲ್ಲೂ ಕೋಣೆ ಬಾವಿಯ ತಳದಂತೆ ಮಬ್ಬಾಗಿತ್ತು. ಗಂಧಕದ ಹೊಗೆಯ ವಾಸನೆ, ಬಾಡುವ ದ್ರಾಕ್ಷಿಯ ಸಿಹಿ ವಾಸನೆ. ಅವೆರಡರ ಅಡಿಯಲ್ಲಿ ಇನ್ನೊಂದು ವಾಸನೆಯಿತ್ತು, ಅದೇನೆಂದು ಅವನಿಗೆ ತಿಳಿಯಲಿಲ್ಲ. ಕಂಪ್ಯೂಟರಿನ ಡಬ್ಬಿಗೆ ಕರಿಯ ಉಣ್ಣೆಯ ದಾರ ಸುತ್ತಿತ್ತು. ದಾರದಲ್ಲಿ ಗಂಟುಗಳಿದ್ದವು, ಗಂಟುಗಳಿಗೆ ಕುಂಕುಮ ಮೆತ್ತಿತ್ತು.

ಅವನ ಕಣ್ಣ ಮುಂದೆ ಅಮಸಿದ್ದನ ಕರಿಕುರಿಗಳು ಬಂದವು.

ಡಬ್ಬಿ ಚಾಲೂ ಮಾಡಿದ. ಆಟ ತಾನಾಗಿ ತೆರೆದುಕೊಂಡಿತು. ಹಿಂದೆ ಗೋವೆಯನ್ನು ಆಳಿದ ಫರಂಗಿಗಳ ರಾಜ್ಯ, ಎಲ್ಲ ಕಳೆದುಕೊಂಡು ಅಂಗೈ ಅಗಲ ಉಳಿದದ್ದು. ಆಡುವವನು ಹಡಗು ಕಟ್ಟಬೇಕು, ಸೈನ್ಯ ಕಳಿಸಬೇಕು, ಒಂದೊಂದೇ ನಾಡು ಮರಳಿ ಹಿಡಿಯಬೇಕು. ಗೋವೆ ಕಳೆದುಕೊಂಡ ಆದಿಲಶಾಹಿಗಳ ಸೀಮೆಯಲ್ಲಿ ಹುಟ್ಟಿ ಇವನು ಫರಂಗಿಗಳ ಮನೆ ಕಟ್ಟಿಕೊಡುತ್ತಿದ್ದನೇ ಎಂದು ಅರುಣಕುಮಾರನಿಗೆ ನಗೆ ಬಂತು. ಸುಭಾಷ ಬೇರೆಯವರೊಂದಿಗೆ ಆಡಿದ ಮಾತುಗಳು ಆಟದ ಒಳಗೇ ಇದ್ದವು. ಅವನ್ನು ಓದಬೇಕಾದರೆ ಆಟ ಮುಂದುವರಿಸಲೇಬೇಕಿತ್ತು.

ಮುಂದುವರಿಸಿದ.

ಅದರಲ್ಲಿ ಹಗೆಯ ಮಾತೇನೂ ಸಿಗಲಿಲ್ಲ. ಎಲ್ಲೋ ದೂರದವರು ಸುಭಾಷನನ್ನು ಆಡಿಕೊಂಡು ನಕ್ಕಿದ್ದರು. ಏಳು ಸಲ ಅವನು ರಾಜ್ಯ ಎತ್ತಿ ನಿಲ್ಲಿಸಿದ್ದ. ಏಳು ಸಲವೂ ಅರಸ ಮಕ್ಕಳಿಲ್ಲದೆ ಸತ್ತು ರಾಜ್ಯ ಬಿದ್ದಿತ್ತು. ಇದು ಎಂಟನೆಯದು. ಅರುಣಕುಮಾರ ಸುಮ್ಮನೆ ಒಂದು ಹಡಗು ಕಳಿಸಿದ. ಒಂದು ಕರಾವಳಿ ಅವನದಾಯಿತು. ಇನ್ನೊಂದು ಕಳಿಸಿದ. ನಿರ್ಮಲಾ ಊಟಕ್ಕೆ ಕರೆದದ್ದು ಕೇಳಿಸಲಿಲ್ಲ.

ಮರುದಿನವೂ ಮಧ್ಯಾಹ್ನ ಹೋಗಿ ಕೂತ. ಸುಳಿವು ಹುಡುಕುತ್ತಿದ್ದೇನೆ ಎಂದು ಹೆಂಡತಿಗೆ ಹೇಳಿದ. ಆಫ್ರಿಕದ ಅಂಚು ಬಂತು, ಮಸಾಲೆಯ ದ್ವೀಪಗಳು ಬಂದವು. ಕೈ ತಾನಾಗಿ ಆಡುತ್ತಿತ್ತು. ಸಂಜೆ ಹೊರಗೆ ಬಂದಾಗ ಶೆಡ್ಡಿನ ಜಾಲರಿಗಳಿಂದ ಟಪಟಪ ನೀರು ತೊಟ್ಟಿಕ್ಕುತ್ತಿತ್ತು. ಹನ್ನೆರಡು ದಿನ ಒಣಗಿದ ದ್ರಾಕ್ಷಿ ಒದ್ದೆಯಾಗಿತ್ತು. ಬೆರಳು ಹಚ್ಚಿ ನಾಲಿಗೆಗೆ ಇಟ್ಟ. ಉಪ್ಪು. ಆ ವಾಸನೆ ಯಾವುದೆಂದು ಆಗ ತಿಳಿಯಿತು. ಮದುವೆಯಾದ ಹೊಸದರಲ್ಲಿ ಗೋವೆಗೆ ಹೋದಾಗ ಕುಡಿದ ಗಾಳಿ ಅದು. ಕೊಳೆತ ಸಮುದ್ರದ ವಾಸನೆ.

ಅವನು ನೇರವಾಗಿ ಅಮಸಿದ್ದನ ಹಟ್ಟಿಗೆ ಹೋಗಿ ಅಂಗಿಯ ಕೊರಳು ಹಿಡಿದ.

"ಡಬ್ಬಿಗೆ ಸುತ್ತಿದ ಉಣ್ಣಿ ದಾರ ಯಾರದಲೇ? ಖರೇ ಹೇಳು. ಮಾಟ ಮಾಡ್ಸಿದವ ನೀನ ಹೌದಲ್ಲೋ?"

"ಯಪ್ಪಾ, ನಮ್ಮ ದೇವರು ಅಮೋಗಸಿದ್ಧನ ಆಣಿ! ಉಣ್ಣಿ ನಂದ, ಸುಭಾಷ ಕೇಳಿದ, ಕೊಟ್ಟೆ. ಗಂಟು ಕಟ್ಟಿದವ ಅವನ."

"ತನಗ ತಾನ ಮಾಟ ಮಾಡ್ಕೊಂಡನೇನು? ಯಾರಿಗೆ ಹೇಳ್ತಿ!"

ಅಮಸಿದ್ದ ಅಳತೊಡಗಿದ. ಬಬಲೇಶ್ವರದ ಸಂತೆಯಲ್ಲಿ ಸುಭಾಷನಿಗೆ ಒಬ್ಬ ಮುದುಕ ಸಿಕ್ಕಿದ್ದನಂತೆ. ಅವನ ಮುಂದೆ ಬೇರು, ಕವಡೆ, ಒಣಗಿದ ಗೂಬೆಯ ಕಾಲು. ತಮಾಷೆಗೆ ಸುಭಾಷ ಕೇಳಿದನಂತೆ, ನನ್ನ ರಾಜ್ಯದ ಪಟ್ಟ ಬರಿದಾಗದಂತೆ ಮಾಡ್ತೀಯೇನು ಎಂದು. ಮುದುಕ ಮಾತ್ರ ನಗದೆ, ಕುಂಕುಮ ಕೊಟ್ಟನಂತೆ.

"ಮನಿಯವರ ಹೆಸರು ಹೇಳಿ ಗಂಟು ಹಾಕು ಅಂದ್ನಂತ್ರಿ. ಪಟ್ಟ ಬರಿದಾಗೂದಿಲ್ಲ, ಒಬ್ಬರು ಎದ್ದರ ಇನ್ನೊಬ್ಬರು ಕೂಡತಾರ ಅಂದ್ನಂತ. ನಾ ಬ್ಯಾಡಲೇ ಅಂದೆ. ಬರೀ ಆಟ ಐತಿ ಬಿಡಲೇ ಅಂದ ಸುಭಾಷ. ಮಾಮಾರ... ನೀವು ಅದರ ಮುಂದ ಕುಂತಿಲ್ಲ ಹೌದಲ್ರಿ?"

ಅರುಣಕುಮಾರ ಕೈ ಬಿಟ್ಟ. ಬೆನ್ನು ತಿರುಗಿಸಿ ಹೊರಟ. ಹುಡುಗ ಸುಳ್ಳು ಹೇಳುತ್ತಿದ್ದಾನೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ.

ಮೂರನೆಯ ದಿನ ಕಾವ್ಯಾ ಹಾಸಿಗೆಯಿಂದ ಏಳಲಿಲ್ಲ. ಮೈ ತಣ್ಣಗಿತ್ತು. ನಿರ್ಮಲಾ ಮಗಳ ತುಟಿ ಒರೆಸುತ್ತಿದ್ದಳು. ಒರೆಸಿದಷ್ಟೂ ಬೆಳ್ಳಗೆ ಕಟ್ಟುತ್ತಿತ್ತು.

"ಪಪ್ಪಾ, ಹಡಗ ಬಂದೈತಿ," ಎಂದಿತು ಮಗು. "ಮಾಮಾ ಕರೀಲಿಕ್ಕತ್ತಾನ."

ಹಡಗಿನ ಮಾತನ್ನು ಅವನು ಯಾರ ಮುಂದೆಯೂ ಆಡಿರಲಿಲ್ಲ.

ಕೋಣೆಗೆ ಓಡಿದ. ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಅರಸನ ಹೆಸರಿತ್ತು. ಅದನ್ನು ಅವನು ಈವರೆಗೆ ಓದಿಯೇ ಇರಲಿಲ್ಲ. ಅರಸ ಅರುಣಕುಮಾರ. ಹಿಂದಿನ ಅರಸ ಸುಭಾಷ, ಮೃತ. ಉತ್ತರಾಧಿಕಾರಿ ಕಾವ್ಯಾ, ವಯಸ್ಸು ಏಳು. ಅದರ ಕೆಳಗೆ ಕೆಂಪಕ್ಷರ: ಅರಸನ ಆರೋಗ್ಯ ಕೆಡುತ್ತಿದೆ.

ಪಟ್ಟ ಬಿಟ್ಟುಕೊಡುವ ಗುಂಡಿ ಇತ್ತು. ಒತ್ತಹೋದ. ಬೆರಳು ಹಿಂದೆಗೆದ. ತಾನು ಬಿಟ್ಟರೆ ಕೂಡುವವರು ಯಾರು? ಮಗಳು. ತಾನು ಸತ್ತರೂ ಮಗಳೇ. ಆಟ ಅಳಿಸಿದ. ಮರಳಿ ಬಂತು. ದಾರ ಕತ್ತರಿಸಹೋದ. ಕತ್ತರಿ ಕಬ್ಬಿಣಕ್ಕೆ ತಾಗಿದಂತೆ ಜಾರಿತು. ಕರೆಂಟಿನ ವಯರು ಕಿತ್ತೆಸೆದ. ಪರದೆ ಆರಲಿಲ್ಲ. ಮೋಟಾರು ಬಿಚ್ಚಿ ಕಟ್ಟುವ ಮನುಷ್ಯ ಅವನು. ಕಿತ್ತ ವಯರು ಕೈಯಲ್ಲಿದೆ. ಪರದೆ ಉರಿಯುತ್ತಿದೆ. ಎದೆ ಹಿಂಡಿತು. ಬಾಯಿಗೆ ಉಪ್ಪು ಬಂತು. ಕಿವಿಯಲ್ಲಿ ಅಲೆ ಮೊರೆಯಿತು. ನೆಲ ತೂಗಾಡಿತು.

"ಅತ್ತಿ!"

ಹುಚ್ಚವ್ವ ಬಾಗಿಲಲ್ಲಿದ್ದಳು. ಬರಿಗಾಲು, ಉಡಿಯಲ್ಲಿ ಜೋಳ. ಅಮಸಿದ್ದ ಅವಳ ಹಿಂದೆ ನಿಂತಿದ್ದ. ಎಲ್ಲ ಹೇಳಿ ಕರೆತಂದವನು ಅವನೇ.

"ಮುಟ್ಟಬ್ಯಾಡ್ರಿ ಅಂದಿದ್ನಲ್ರಿ."

"ತಪ್ಪಾತತ್ತಿ. ನಾ ಹೋದರ ಹೋಗಲಿ. ಕಾವ್ಯಾ..."

"ಆ ರಾಜ್ಯ ಹ್ಯಾಂಗ ಬೀಳತೈತಿ, ಅದನ್ನ ಹೇಳ್ರಿ."

"ಅರಸಗ ಹಿಂದ ಯಾರೂ ಇರದಿದ್ರ ಬೀಳತೈತಿ. ಏಳು ಸಲ ಹಂಗ ಬಿದ್ದೈತಿ."

ಹುಚ್ಚವ್ವ ಉಡಿಯ ಗಂಟು ಬಿಗಿದಳು. ಆಮೇಲೆ ಮುಂದೆ ಬಂದು ಅವನ ರಟ್ಟೆ ಹಿಡಿದು ಎಬ್ಬಿಸಿದಳು.

"ಬಂಜಿ ಬಂಜಿ ಅಂತ ಊರೆಲ್ಲ ಅಂತು. ಇವತ್ತ ಉಪಯೋಗಕ್ಕ ಬಂತು ನೋಡ್ರಿ. ಏಳ್ರಿ."

"ಬ್ಯಾಡತ್ತಿ!"

"ಲೇ ಅಮಸಿದ್ದ, ಇವರನ್ನ ಹೊರಗ ಎಳಕೊಂಡು ಹೋಗು."

ಕುರ್ಚಿಯಲ್ಲಿ ಕೂತಳು. ಡಬ್ಬಿಯ ದಾರದ ತುದಿಯನ್ನು ತನ್ನ ಮುಂಗೈಗೆ ಸುತ್ತಿದಳು. ತನ್ನೊಬ್ಬಳ ಹೆಸರಿನದೇ ಒಂದು ಗಂಟು ಹಾಕಿದಳು. ಕತ್ತರಿಗೂ ಬಗ್ಗದ ದಾರ ಅವಳ ಬೆರಳಿಗೆ ಮೆತ್ತಗೆ ಬಗ್ಗಿತು.

"ನಾ ಹುಚ್ಚವ್ವ. ಈ ಮನಿ ಹಿರೇಕಿ. ಪಟ್ಟ ನನಗ ಕೊಡು. ನನ್ನ ಹಿಂದ ಯಾರೂ ಇಲ್ಲ."

ಅಮಸಿದ್ದನ ತೋಳಲ್ಲಿ ಒದ್ದಾಡುತ್ತಲೇ ಅರುಣಕುಮಾರ ನೋಡಿದ. ಪರದೆಯ ಮೂಲೆಯಲ್ಲಿ ಹೆಸರು ಅಳಿಯಿತು. ಬೇರೆ ಹೆಸರು ಮೂಡಿತು. ಉತ್ತರಾಧಿಕಾರಿಯ ಜಾಗ ಖಾಲಿ. ಹುಚ್ಚವ್ವ ಉಡಿ ಬಿಚ್ಚಿ ಜೋಳ ಚೆಲ್ಲಿದಳು.

"ನಿನ್ನ ಕೆಲಸ ಮುಗೀತು, ಸುಭಾಷ, ನನ್ನ ಮಗನ. ಇನ್ನ ಹೋಗು."

ದ್ವೀಪಗಳು ಆರಿದವು. ಆಫ್ರಿಕ ಆರಿತು. ಗೋವೆ ಆರಿತು. ಹುಚ್ಚವ್ವನ ತುಟಿ ಬೆಳ್ಳಗಾಯಿತು. ಪರದೆ ಕಪ್ಪಾಯಿತು. ಕೋಣೆ ಕಪ್ಪಾಯಿತು. ಮನೆಯೊಳಗಿಂದ ಕಾವ್ಯಾ ಅವ್ವನನ್ನು ಕರೆದು ನೀರು ಕೇಳಿದ್ದು ಕೇಳಿಸಿತು.

ಬಬಲೇಶ್ವರದ ಸಂತೆಗೆ ಅರುಣಕುಮಾರ ನಾಲ್ಕು ವಾರ ಹೋದ. ಅಂಥ ಮುದುಕನನ್ನು ಕಂಡವರು ಯಾರೂ ಇರಲಿಲ್ಲ. ಎದುರಿಗೆ ಬಂದ ಪ್ರತಿಯೊಬ್ಬ ಮುದುಕನ ಕೈಯನ್ನೂ, ಕುಂಕುಮ ಮೆತ್ತಿದೆಯೇ ಎಂದು ಅವನು ಸಂಶಯದಿಂದ ನೋಡಿದ. ಐದನೆಯ ವಾರ ಹೋಗಲಿಲ್ಲ. ನಿರ್ಮಲಾಳನ್ನೂ ಮಗಳನ್ನೂ ಕರೆದುಕೊಂಡು ತೋಟದ ಅಂಚಿಗೆ ಹೋದ. ಅಲ್ಲಿ ಎರಡು ಮಣ್ಣುಗುಡ್ಡೆಗಳು ಅಕ್ಕಪಕ್ಕ ಇದ್ದವು. ಎಂದೂ ಕೈಮುಗಿಯದ ಮನುಷ್ಯ ಅಂದು ಮೊಣಕಾಲೂರಿ ಕೈಮುಗಿದ.

ಶಿವನೇ, ಆಡಿ ದಣಿದ ಮಗುವನ್ನು ನಿನ್ನ ಬಳಿ ಮಲಗಿಸಿಕೋ. ಅವನನ್ನು ಸಾಕಿದ ತಾಯಿಯನ್ನೂ ಅವನ ಪಕ್ಕದಲ್ಲೇ ಇರಿಸು. ಅವರಿಬ್ಬರ ಜೀವಕ್ಕೆ ಶಾಂತಿ ಕೊಡು, ತಂದೆ.