ಇಪ್ಪತ್ತೇಳನೇ ನಂಬರಿನ ಚಾಲಕ

"ಇನ್ನೊಂದು ಗಾಡಿ ಮಾಡುವ ಗುಣಪಾಲಣ್ಣ, ನಿಮ್ಮ ಕೈ ಉಂಟಲ್ಲ," ಎಂದು ಇಮ್ತಿಯಾಜ್ ಹೇಳಿದ್ದು ಬಿರಿಯಾನಿಯ ತಟ್ಟೆ ಹಿಡಿದುಕೊಂಡು, ಎಂಟು ಹತ್ತು ಜನರ ಎದುರು. ಗುಣಪಾಲ ಸುವರ್ಣ ಆ ಮಾತಿಗೆ ನಕ್ಕ. ನಕ್ಕದ್ದನ್ನು ಎಲ್ಲರೂ ನೋಡಿದರು. ಆಮೇಲೆ ಎರಡನೇ ಸಲ ಬಡಿಸಿಕೊಂಡು ಉಂಡ. ಮನೆಗೆ ಬರುವ ದಾರಿಯಲ್ಲಿ, ಮೂರನೇ ಸಿಗ್ನಲ್ ಹತ್ತಿರ, ಆ ಗಾಡಿ ಎಲ್ಲಿಗೂ ಹೋಗಬಾರದು ಎಂದು ತೀರ್ಮಾನಿಸಿದ.

ಗಾಡಿ ಎಂದರೆ ಎಪ್ಪತ್ತೆರಡನೇ ಇಸವಿಯ ಹಸಿರು ಡಟ್ಸನ್. ಶಾರ್ಜಾದ ಗುಜರಿ ಅಂಗಳದಲ್ಲಿ ಕಿಟಕಿಯವರೆಗೆ ಮರಳಿನಲ್ಲಿ ಹೂತಿದ್ದ ಅದನ್ನು ಕಂಡುಹಿಡಿದವನು ಗುಣಪಾಲ. ಅಬುಧಾಬಿಯ ಮುಸಫ್ಫಾದ ಗ್ಯಾರೇಜಿನಲ್ಲಿ ಫೋರ್‌ಮನ್ ಆಗಿ ವಾರಕ್ಕೆ ಆರು ದಿನ ಬೇರೆಯವರ ಗಾಡಿಗಳ ಕೆಳಗೆ ಮಲಗುತ್ತಿದ್ದವನು ಏಳನೇ ದಿನ ಇದರ ಕೆಳಗೆ ಮಲಗಿದ. ಮೂರು ವರ್ಷ. ಮಗಳು ಯಶ್ಮಿತಾ ಏಳನೇ ಕ್ಲಾಸಿನಲ್ಲಿದ್ದಾಗ ಶುರುವಾದ ಕೆಲಸ ಮುಗಿಯುವಾಗ ಅವಳು ಹತ್ತರಲ್ಲಿದ್ದಳು. ನಡುವಿನ ಭಾನುವಾರಗಳೆಲ್ಲ ಆ ಬಾನೆಟ್ಟಿನೊಳಗೆ ಹೋಗಿದ್ದವು. ಟೂರಿಸ್ಟ್ ಕ್ಲಬ್ ಏರಿಯಾದ ಅವನ ಫ್ಲ್ಯಾಟಿನಲ್ಲಿ ಚಪ್ಪಲಿ ಸ್ಟ್ಯಾಂಡಿಗೇ ಜಾಗವಿಲ್ಲ. ಹಾಗಾಗಿ ಕೆಲಸ ನಡೆದದ್ದು ಖಲೀಫಾ ಸಿಟಿಯಲ್ಲಿ, ಇಮ್ತಿಯಾಜನ ವಿಲ್ಲಾದ ಹಿಂದಿನ ಶೆಡ್ಡಿನಲ್ಲಿ. ಬಿಡಿಭಾಗಗಳನ್ನು ತರಿಸಿದವನು ಇಮ್ತಿಯಾಜ್. ಮುಲ್ಕಿಯಾ, ಅಂದರೆ ಗಾಡಿಯ ನೋಂದಣಿ, ಮಾಡಿಸುವಾಗ ಮಾಲೀಕನೆಂದು ಕಾರ್ಡಿನಲ್ಲಿ ಬಂದ ಹೆಸರೂ ಅವನದೇ. "ಹೆಸರಿಗೆ ಮಾತ್ರ ಅಣ್ಣ, ಗಾಡಿ ನಿಮ್ಮದೇ," ಎಂದಿದ್ದ.

ಈಗ ಜರ್ಮನಿಯ ಯಾರೋ ಒಬ್ಬರು ಫೋಟೋ ನೋಡಿ ಮರುಳಾಗಿದ್ದರು, ಇಮ್ತಿಯಾಜ್ ಮಾರಲು ಒಪ್ಪಿದ್ದ. ಫೋಟೋದ ಕೆಳಗೆ, ಮಾಲೀಕರು ಸ್ವಂತ ಕೈಯಿಂದ ಮರುಜೀವ ಕೊಟ್ಟ ಗಾಡಿ ಎಂದು ಬರೆದಿತ್ತು. ಇಮ್ತಿಯಾಜನಿಗೆ ಸ್ಪ್ಯಾನರನ್ನು ಯಾವ ತುದಿಯಲ್ಲಿ ಹಿಡಿಯಬೇಕೆಂದು ಗೊತ್ತಿರಲಿಲ್ಲ.

ಇಡೀ ಕಾರು ಕದಿಯುವವನು ದಡ್ಡ. ಈ ದೇಶದಲ್ಲಿ ಬೆಕ್ಕು ರಸ್ತೆ ದಾಟಿದರೂ ಎರಡು ಕ್ಯಾಮೆರಾ ನೋಡುತ್ತವೆ. ಗುಣಪಾಲ ಕದಿಯಲು ಹೊರಟದ್ದು ನಾಲ್ಕು ಬೆರಳಗಲದ ಒಂದು ಅಲ್ಯೂಮಿನಿಯಂ ತಗಡನ್ನು. ಬಾನೆಟ್ ಎತ್ತಿದರೆ ಇಂಜಿನ್ನಿನ ಹಿಂದಿನ ಗೋಡೆಗೆ ನಾಲ್ಕು ರಿವೆಟ್ ಹೊಡೆದು ಕೂರಿಸಿದ ತಗಡು. ಅದರ ಮೇಲೆ ಚಾಸಿಸ್ ನಂಬರು. ಕಬ್ಬಿಣದ ಮೇಲೆ ಒತ್ತಿದ್ದ ನಂಬರನ್ನು ತುಕ್ಕು ಯಾವತ್ತೋ ತಿಂದಿತ್ತು. ಉಳಿದಿದ್ದ ಗುರುತು ಅದೊಂದೇ. ಅದಿಲ್ಲದಿದ್ದರೆ ಕಸ್ಟಮ್ಸ್‌ನವರು ಬಿಡುವುದಿಲ್ಲ, ಜರ್ಮನಿಯವರು ಮುಟ್ಟುವುದಿಲ್ಲ. ಇಮ್ತಿಯಾಜ್ ಯಾವುದರ ಬೆನ್ನನ್ನೂ ಬಹಳ ದಿನ ಹಿಡಿಯುವವನಲ್ಲ. ಆರು ತಿಂಗಳು ಶೆಡ್ಡಿನಲ್ಲಿ ಧೂಳು ತಿನ್ನಿಸಿ, ಕೊನೆಗೊಂದು ದಿನ "ತಗೊಂಡು ಹೋಗಿ ಅಣ್ಣ ಇದನ್ನು, ಮನೆಯಲ್ಲಿ ಶಮೀಮ ಬೈತಾಳೆ," ಎನ್ನುತ್ತಾನೆ. ಆಗ ನಾಲ್ಕು ಹೊಸ ರಿವೆಟ್ ಸಾಕು.

ತೊಡಕು ಒಂದೇ. ಆ ತಗಡಿನ ಬೆಲೆ ತಿಳಿದವರು ಅಬುಧಾಬಿಯಲ್ಲಿ ಹೆಚ್ಚು ಜನರಿಲ್ಲ. ಅದು ಕಾಣೆಯಾದರೆ ಪೊಲೀಸರು ಕೇಳುವ ಮೊದಲ ಪ್ರಶ್ನೆ, ಗುಣಪಾಲ ಎಲ್ಲಿದ್ದ? ಉತ್ತರ ಸರಿಯಿಲ್ಲದಿದ್ದರೆ ಕೆಲಸ, ವೀಸಾ, ಮಗಳ ಶಾಲೆ ಎಲ್ಲವೂ ಒಂದೇ ದಿನ ಖಲಾಸ್. ಆದ್ದರಿಂದ ಅವನು ಮೊದಲು ಉತ್ತರವನ್ನು ಸಿದ್ಧಪಡಿಸಿ, ಕಳ್ಳತನವನ್ನು ಅದಕ್ಕೆ ಹೊಂದಿಸಿದ.

ಕರಾವಳಿ ಹಳೆಗಾಡಿ ಬಳಗದವರು ವರ್ಷಕ್ಕೊಮ್ಮೆ ಯಾಸ್ ದ್ವೀಪದ ರೇಸ್ ಟ್ರ್ಯಾಕನ್ನು ಎರಡು ದಿನಕ್ಕೆ ಹಿಡಿಯುತ್ತಾರೆ. ಶನಿವಾರ ಅಭ್ಯಾಸ, ಭಾನುವಾರ ರೇಸು. ಹವ್ಯಾಸಿ ಚಾಲಕರ ಓಟ ಭಾನುವಾರ ಮೂರು ಇಪ್ಪತ್ತಕ್ಕೆ, ಹದಿನಾಲ್ಕು ಸುತ್ತು. ಗುಣಪಾಲ ನಾಲ್ಕು ವರ್ಷಗಳಿಂದ ತನ್ನ ಹಳೆಯ ಬಿಳಿ ಕೊರೊಲ್ಲಾದಲ್ಲಿ ಓಡುತ್ತಿದ್ದ. ಗಾಡಿಯ ನಂಬರು ಇಪ್ಪತ್ತೇಳು. ತಾನು ವೇಗದ ಚಾಲಕ ಎಂದು ಅವನ ನಂಬಿಕೆ. ಸ್ಟಾಪ್‌ವಾಚ್ ಮಾತ್ರ ಒಪ್ಪುತ್ತಿರಲಿಲ್ಲ. ಒಂದು ಸುತ್ತು ಹುಲಿಯ ಹಾಗೆ, ಮುಂದಿನದು ಮರಳಿನೊಳಗೆ. "ಪಪ್ಪಾ, ಯೂ ಡ್ರೈವ್ ಲೈಕ್ ಯೂ ಆರ್ ಆಂಗ್ರಿ," ಎಂದು ಯಶ್ಮಿತಾ ಒಮ್ಮೆ ಹೇಳಿದ್ದಳು. ಅದನ್ನು ಅವನು ಹೊಗಳಿಕೆಯೆಂದು ತೆಗೆದುಕೊಂಡಿದ್ದ.

ಬಳಗದ ಅಧ್ಯಕ್ಷ ಇಮ್ತಿಯಾಜ್. ಮೈಕು ಅವನ ಕೈ ಬಿಡುವುದಿಲ್ಲ, ಅಥವಾ ಅವನು ಮೈಕನ್ನು ಬಿಡುವುದಿಲ್ಲ. ಆ ದಿನ ಅವನ ಹೆಂಡತಿ ಶಮೀಮ, ಮಕ್ಕಳು, ಮನೆಗೆಲಸದವಳು, ಬಿರಿಯಾನಿಯ ಎರಡು ದೊಡ್ಡ ಪಾತ್ರೆ, ಎಲ್ಲವೂ ಟ್ರ್ಯಾಕಿಗೆ ಬರುತ್ತವೆ. ಮನೆ ಖಾಲಿ. ಈ ಸಲ ಅದೇ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಮನೆಯವರು ಹೊರಡುವ ಮೊದಲು, ಶಿಪ್ಪಿಂಗಿನವರು ಬಂದು ಗಾಡಿಯ ಕೊನೆಯ ಫೋಟೋ ತೆಗೆಯುತ್ತಾರೆ. ಸಂಜೆ ಆರಕ್ಕೆ ಕಂಟೇನರಿಗೆ ಏರಿಸುತ್ತಾರೆ. ಹನ್ನೊಂದಕ್ಕೆ ಇದ್ದ ತಗಡು ಆರಕ್ಕೆ ಇಲ್ಲವೆಂದಾದರೆ, ನಡುವೆ ಯಾರು ಎಲ್ಲಿದ್ದರು ಎಂಬ ಲೆಕ್ಕ ಶುರುವಾಗುತ್ತದೆ. ಉಳಿದ ಹೊತ್ತಿನಲ್ಲಿ ಗುಣಪಾಲ ಎಲ್ಲರ ಕಣ್ಣೆದುರೇ ಓಡಾಡಿಕೊಂಡಿರುತ್ತಾನೆ. ಒಂದು ಗಂಟೆ ಕಾಣದಿದ್ದರೂ ಯಾರೂ ಹುಡುಕದ ಸಮಯ ಓಟದ ಸಮಯ ಮಾತ್ರ. ಹೆಲ್ಮೆಟ್ಟಿನೊಳಗೆ ಕೂತವನನ್ನು ಜನ ನೋಡುವುದಿಲ್ಲ, ನಂಬರನ್ನು ನೋಡುತ್ತಾರೆ. ಇಪ್ಪತ್ತೇಳು ಓಡುತ್ತಿದ್ದರೆ ಗುಣಪಾಲ ಓಡುತ್ತಿದ್ದಾನೆ.

ಒಳಗೆ ಯಾರನ್ನು ಕೂರಿಸುವುದು? ಗ್ಯಾರೇಜಿನ ಹುಡುಗರು ಬೇಡ. ಅವರಿಗೆ ಗೆಲ್ಲುವ ಚಟ. ಗೆದ್ದವರು ವೇದಿಕೆ ಹತ್ತಬೇಕು. ಅವನು ನಿಯಮದ ಪುಸ್ತಕ ತೆಗೆದು ನೋಡಿದ: ಮೊದಲ ಮೂವರಿಗೆ ಮಾತ್ರ ವೇದಿಕೆ. ಡಿಕ್ಕಿ ಹೊಡೆದವರನ್ನು ಡಾಕ್ಟರು ನೋಡುತ್ತಾರೆ. ಹಾಗಾದರೆ ಬೇಕಾದದ್ದು ಗೆಲ್ಲದ, ಗುದ್ದದ, ಅವನಷ್ಟೇ ಗಿಡ್ಡಗಿರುವ ಒಬ್ಬ ಮನುಷ್ಯ. ಹೀಗೆ ಯೋಚಿಸುತ್ತ ಲಿಫ್ಟಿನಲ್ಲಿ ನಿಂತಿದ್ದಾಗ ನಾಲ್ಕನೇ ಮಹಡಿಯ ಮಾರ್ಟಿನಾ ಬಾಯಿ ತರಕಾರಿ ಚೀಲದೊಂದಿಗೆ ಒಳಗೆ ಬಂದಳು. ಅವಳ ತಲೆ ಸರಿಯಾಗಿ ಅವನ ತಲೆಯ ಮಟ್ಟಕ್ಕೆ ಬಂತು.

ಮಾರ್ಟಿನಾ ಮಂಗಳೂರಿನ ಬೆಂದೂರಿನವಳು. ಹದಿನೆಂಟು ವರ್ಷಗಳಿಂದ ಡ್ರೈವಿಂಗ್ ಸ್ಕೂಲಿನಲ್ಲಿ ಹೆಂಗಸರಿಗೆ ಕಾರು ಕಲಿಸುವ ಕೆಲಸ. ಶಮೀಮಳಿಗೂ ಅವಳೇ ಕಲಿಸಿದ್ದು. ಇಷ್ಟು ವರ್ಷದಲ್ಲಿ ಒಂದು ದಂಡವಿಲ್ಲ, ಒಂದು ಗೀರಿಲ್ಲ. ಗುಣಪಾಲ ಅವಳಿಗೆ ಸೊಂಟನೋವಿನ ಕತೆ ಹೇಳಿದ. ಓಡದಿದ್ದರೆ ಮುಂದಿನ ವರ್ಷ ಹೆಸರು ಹೊಡೆದು ಹಾಕುತ್ತಾರೆ, ಓಡಿದರೆ ಸೊಂಟ ಮುರಿಯುತ್ತದೆ, ಮುಸಫ್ಫಾದಲ್ಲಿ ಒಬ್ಬ ನಾಟಿ ವೈದ್ಯ ಭಾನುವಾರ ಮೂರಕ್ಕೆ ಮಾತ್ರ ಸಿಗುತ್ತಾನೆ, ಹೆಂಡತಿ ಜಲಜಾಕ್ಷಿಗೆ ಗೊತ್ತಾದರೆ ರೇಸೇ ಬಂದ್.

ಮಾರ್ಟಿನಾ ಬೆಂಡೆಕಾಯಿ ಚೀಲವನ್ನು ನೆಲಕ್ಕಿಟ್ಟಳು.

"ಗುಣಪಾಲಣ್ಣ, ಹದಿನೆಂಟು ವರ್ಷ ಪಕ್ಕದ ಸೀಟಿನಲ್ಲಿ ಕೂತು ಬೇರೆಯವರಿಗಾಗಿ ಬ್ರೇಕ್ ಒತ್ತಿದವಳು ನಾನು. ಸ್ಟೇರಿಂಗ್ ಕೊಡ್ತೇನೆ ಅಂತ ಒಬ್ಬರೂ ಹೇಳ್ಲಿಲ್ಲ. ಮಿರರ್ ಉಂಟಲ್ಲ ಅದಕ್ಕೆ?"

"ಉಂಟು ಬಾಯಿ."

"ಇಂಡಿಕೇಟರ್ ಹಾಕ್ಬೇಕಾ?"

"ಬೇಡ. ರೇಸಿನಲ್ಲಿ ಯಾರೂ ಹಾಕುವುದಿಲ್ಲ."

"ಅದೇ ನೋಡಿ, ಮತ್ತೆ ಆಕ್ಸಿಡೆಂಟ್ ಆಗದೆ ಇರ್ತದಾ?" ಎಂದು ಬೇಸರದಿಂದ ತಲೆ ಆಡಿಸಿದಳು.

ಸೂಚನೆಗಳನ್ನು ಅವನು ಮೂರು ಸಲ ಹೇಳಿ ಒಪ್ಪಿಸಿಕೊಂಡ. ಯಾರನ್ನೂ ಹಿಂದೆ ಹಾಕಬಾರದು. ಯಾರಿಗೂ ಅಡ್ಡ ಹೋಗಬಾರದು. ಮೊದಲ ಮೂವರಲ್ಲಿ ಬರಬಾರದು, ಕೊನೆಯವರೂ ಆಗಬಾರದು. ಒಂದೇ ಹದದಲ್ಲಿ ಓಡಿಸಿ ನೇರ ಟೆಂಟಿಗೆ ಬರಬೇಕು. ಪರದೆ ಬಿದ್ದ ಮೇಲೆಯೇ ಹೆಲ್ಮೆಟ್ ತೆಗೆಯುವುದು.

"ನನ್ನ ಸ್ಟೂಡೆಂಟ್‌ಗಳಿಗೆ ನಾನು ಹೇಳುವುದನ್ನೇ ನೀವು ನನಗೆ ಹೇಳ್ತಿದ್ದೀರಿ," ಎಂದಳು ಮಾರ್ಟಿನಾ.

ಅವನಿಗೆ ತನ್ನ ಆಯ್ಕೆಯ ಬಗ್ಗೆ ಹೆಮ್ಮೆಯಾಯಿತು. ಉಳಿದದ್ದು ಸಣ್ಣಪುಟ್ಟ ಕೆಲಸ. ಒಂದೇ ಥರದ ನೀಲಿ ರೇಸ್ ಸೂಟು ಎರಡು ತಂದ. ಅವನಿಗೆ ಹೊಟ್ಟೆಯಿತ್ತು, ಅವಳಿಗಿರಲಿಲ್ಲ. ಮಡಿಸಿದ ಸ್ನಾನದ ಟವೆಲ್ ಆ ಕೊರತೆ ನೀಗಿತು. ಚಾಲಕರು ಕೈಗೆ ಕಟ್ಟುವ ಕಾಗದದ ಪಟ್ಟಿಯನ್ನು ಶನಿವಾರವೇ ಸಡಿಲವಾಗಿ ಕಟ್ಟಿಸಿಕೊಂಡ, ಸೋಪು ಹಚ್ಚಿದರೆ ಜಾರುವಷ್ಟು. ಮೂರು ಭಾನುವಾರ ಖಲೀಫಾ ಸಿಟಿಗೆ ಹೋಗಿ, ಮಧ್ಯಾಹ್ನ ಮೂರೂವರೆಗೆ ಟ್ಯಾಕ್ಸಿ ಸಿಗಲು ಎಷ್ಟು ನಿಮಿಷ ಬೇಕೆಂದು ನೋಡಿದ. ನಾಲ್ಕು, ಆರು, ಮೂರು. ಇಮ್ತಿಯಾಜನ ಮನೆಯ ಕ್ಯಾಮೆರಾ ಮುಂದಿನ ಗೇಟನ್ನು ಮಾತ್ರ ನೋಡುತ್ತಿತ್ತು. ಅದನ್ನು ಕೂರಿಸುವಾಗ ಏಣಿ ಹಿಡಿದವನೇ ಗುಣಪಾಲ. ಶೆಡ್ಡಿನ ಬೀಗದ ಇನ್ನೊಂದು ಕೀ ಅವನ ಬಳಿ ಮೂರು ವರ್ಷದಿಂದ ಇತ್ತು. ಅದನ್ನು ಹಿಂದಕ್ಕೆ ಕೇಳಬೇಕೆಂದು ಇಮ್ತಿಯಾಜನಿಗೆ ಹೊಳೆದಿರಲಿಲ್ಲ. ನಂಬಿಕೆಯ ಮನುಷ್ಯ.

ಭಾನುವಾರ ಎಲ್ಲವೂ ಬರೆದಿಟ್ಟ ಹಾಗೆ ನಡೆಯಿತು. ಮಧ್ಯಾಹ್ನ ಗುಣಪಾಲ ಬೇಕೆಂದೇ ನಾಲ್ಕು ಜನರ ಹತ್ತಿರ ಟಯರ್ ಗಾಳಿಯ ಬಗ್ಗೆ ವಾದ ಮಾಡಿದ. ಜಲಜಾಕ್ಷಿ ಅವನ ಹಣೆಗೆ ಕುಂಕುಮ ಇಟ್ಟು, "ಈ ಸಲವಾದರೂ ಮರಳಿಗೆ ಹೋಗ್ಬೇಡಿ ಮಾರಾಯ್ರೆ, ಯಶ್ಮಿತಾಳ ಫ್ರೆಂಡ್ಸೆಲ್ಲ ಬಂದಿದ್ದಾರೆ," ಎಂದಳು. ಎರಡು ಐವತ್ತಕ್ಕೆ ಟೆಂಟಿನ ಪರದೆ ಬಿತ್ತು. ಎರಡು ಐವತ್ತೈದಕ್ಕೆ ನೀಲಿ ಸೂಟಿನ, ಹೆಲ್ಮೆಟ್ಟಿನ, ಹೊಟ್ಟೆಯ ಗುಣಪಾಲ ಹೊರಗೆ ಬಂದು ಕಾರಿನಲ್ಲಿ ಕೂತ. ಪಟ್ಟಿ ನೋಡುವ ಸಫೀರ್ ಕೈ ನೋಡಿ, "ಗುಣಪಾಲಣ್ಣ, ಆಲ್ ದ ಬೆಸ್ಟ್," ಎಂದ. ಹೆಲ್ಮೆಟ್ ಗಂಭೀರವಾಗಿ ತಲೆ ಆಡಿಸಿತು. ಆಮೇಲೆ ಕನ್ನಡಿ ಸರಿಮಾಡಿಕೊಂಡಿತು. ಎಡಗಡೆಯದು, ಬಲಗಡೆಯದು, ನಡುವಿನದು.

ಇನ್ನೊಬ್ಬ ಗುಣಪಾಲ ಬೂದು ಅಂಗಿ, ಟೋಪಿ ಹಾಕಿಕೊಂಡು ಹಿಂದಿನಿಂದ ಹೊರಟು, ಶಾಪಿಂಗ್ ಮಾಲ್‌ನ ಮುಂದೆ ಟ್ಯಾಕ್ಸಿ ಹತ್ತಿದ. ಇಮ್ತಿಯಾಜನ ವಿಲ್ಲಾಕ್ಕೆ ಎರಡು ರಸ್ತೆ ಹಿಂದೆಯೇ ಇಳಿದು, ಹಿಂಬದಿಯ ದಾರಿ ಹಿಡಿದ. ಮೂರು ಇಪ್ಪತ್ತಾರಕ್ಕೆ ಶೆಡ್ಡಿನೊಳಗಿದ್ದ.

ನಾಲ್ಕು ರಿವೆಟ್‌ಗಳಿಗೆ ನಾಲ್ಕೂವರೆ ನಿಮಿಷ ಹಿಡಿಯಿತು. ತಗಡನ್ನು ಬಟ್ಟೆಯಲ್ಲಿ ಸುತ್ತಿ ಕಾಲುಚೀಲದೊಳಗೆ ಇಳಿಸಿದ. ಕಬ್ಬಿಣದ ಪುಡಿಯನ್ನು ಅಯಸ್ಕಾಂತಕ್ಕೆ, ಅಲ್ಯೂಮಿನಿಯಂ ಪುಡಿಯನ್ನು ಒದ್ದೆ ಬಟ್ಟೆಗೆ ಹಿಡಿದ. ಹೊರಡುವಷ್ಟರಲ್ಲಿ ಬ್ಯಾಟರಿಯ ಒಂದು ಟರ್ಮಿನಲ್ ಸಡಿಲವಿದ್ದುದು ಕಣ್ಣಿಗೆ ಬಿತ್ತು. ಇಮ್ತಿಯಾಜನ ಕೆಲಸ. ಹಾಗೆಯೇ ಬಿಟ್ಟು ಹೋಗಲು ಕೈ ಬರಲಿಲ್ಲ, ಬಿಗಿ ಮಾಡಿದ. "ಆರು ತಿಂಗಳು," ಎಂದು ಡಟ್ಸನ್ನಿಗೆ ಹೇಳಿ ಬಾನೆಟ್ ಮುಚ್ಚಿದ. ಟ್ಯಾಕ್ಸಿ ಐದು ನಿಮಿಷಕ್ಕೆ ಸಿಕ್ಕಿತು. ರೇಡಿಯೋದಲ್ಲಿ ಮಲಯಾಳಂ ಹಾಡು ಬರುತ್ತಿತ್ತು. ಅವನು ಬೆರಳಲ್ಲಿ ತಾಳ ಹಾಕಿದ.

ಮೂರು ಐವತ್ತೊಂದಕ್ಕೆ ಟೆಂಟಿನ ಹಿಂದಿನಿಂದ ಒಳಗೆ ನುಗ್ಗಿ, ಸೂಟು ಹಾಕಿ, ಓಡಿ ಬಂದವನಂತೆ ಕಾಣಲು ಮುಖಕ್ಕೆ ನೀರು ಚಿಮುಕಿಸಿಕೊಂಡು ಕೂತ. ಪರದೆಯ ಸಂದಿನಿಂದ ನೋಡಿದ. ಇಪ್ಪತ್ತೇಳು ಬಂತು, ಹೋಯಿತು. ಮೆರವಣಿಗೆಯಲ್ಲಿ ಹೋಗುವ ಹಾಗೆ ತಿರುವು ತೆಗೆದುಕೊಂಡಿತು. ಒಂಬತ್ತನೆಯ ಸ್ಥಾನ. ಅವನಿಗೇ ಆಯ್ಕೆ ಬಿಟ್ಟಿದ್ದರೂ ಅದನ್ನೇ ಆರಿಸುತ್ತಿದ್ದ. ಬಾವುಟ ಬಿತ್ತು. ಗಾಡಿಗಳು ಒಂದೊಂದಾಗಿ ತಮ್ಮ ಟೆಂಟುಗಳಿಗೆ ಮರಳಿದವು. ಎಂಟನೆಯದು ಬಂತು, ಹತ್ತನೆಯದು ಬಂತು. ಇಪ್ಪತ್ತೇಳು ಬರಲಿಲ್ಲ. ರೇಡಿಯೇಟರ್ ಕುದಿದಿರಬೇಕು, ಎಂದುಕೊಂಡ, ಹಳೆ ಗಾಡಿ.

ಧ್ವನಿವರ್ಧಕದಲ್ಲಿ ಇಮ್ತಿಯಾಜ್ ಮೊದಲ ಮೂವರನ್ನು ಕರೆದು, ಗಂಟಲು ಸರಿಮಾಡಿಕೊಂಡು, "ಇನ್ನು ನಮ್ಮ ಸನ್ಮಾನ," ಎಂದ. ಊರಿನವರು ಎಲ್ಲಿ ಬಳಗ ಕಟ್ಟಿದರೂ ಸನ್ಮಾನವಿಲ್ಲದೆ ಕಾರ್ಯಕ್ರಮ ಮುಗಿಸುವುದಿಲ್ಲ. ಇಲ್ಲಿಯೂ ಪ್ರತಿ ವರ್ಷ ಹವ್ಯಾಸಿಗಳ ಓಟ ಮುಗಿದೊಡನೆ ಒಬ್ಬ ಶಿಸ್ತಿನ ಚಾಲಕನನ್ನು ಪ್ರೇಕ್ಷಕರ ಎದುರೇ ತಡೆದು ನಿಲ್ಲಿಸಿ, ಅಧ್ಯಕ್ಷರೇ ಅವನ ಹೆಲ್ಮೆಟ್ ತೆಗೆದು, ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಡುತ್ತಾರೆ. ಗೆದ್ದವನಿಗಲ್ಲ, ಸುತ್ತಿನಿಂದ ಸುತ್ತಿಗೆ ಸಮಯ ಎಲ್ಲರಿಗಿಂತ ಕಡಿಮೆ ವ್ಯತ್ಯಾಸವಾದವನಿಗೆ. ನಿಯಮದ ಪುಸ್ತಕದಲ್ಲಿ ಅದಿಲ್ಲ, ಏಕೆಂದರೆ ಅದು ನಿಯಮವಲ್ಲ, ಪದ್ಧತಿ. ಮತ್ತು ನಾಲ್ಕು ವರ್ಷವೂ ಈ ಹೊತ್ತಿಗೆ ಗುಣಪಾಲನ ತಲೆ ಬಾನೆಟ್ಟಿನೊಳಗೆ ಇರುತ್ತಿತ್ತು, ಕಿವಿಯಲ್ಲಿ ಇಂಜಿನ್ನಿನ ಸದ್ದು. "ಹದಿನಾಲ್ಕು ಸುತ್ತು, ಒಂದು ಸೆಕೆಂಡಿನ ವ್ಯತ್ಯಾಸ ಇಲ್ಲ! ನಂಬ್ತೀರಾ? ನಮ್ಮ ಗುಣಪಾಲಣ್ಣ!" ಎಂದು ಇಮ್ತಿಯಾಜ್ ಕೂಗಿದ. ಅವನ ಧ್ವನಿಯಲ್ಲಿ ನಿಜವಾದ ಸಂತೋಷವಿತ್ತು. ಚಪ್ಪಾಳೆ ಎದ್ದಿತು, ಆಮೇಲೆ ಒಮ್ಮೆಲೇ ನಿಂತಿತು. "ಬಾಯಿ? ನೀವಾ? ಗುಣಪಾಲಣ್ಣ ಎಲ್ಲಿ?" ಎಂದು ಮೈಕು ಕೇಳಿತು. "ಅವರು ಮೂರು ಗಂಟೆಗೆ ಮೊದಲೇ ಹೋದರಲ್ಲ," ಎಂದು ಮಾರ್ಟಿನಾಳ ಸ್ಪಷ್ಟವಾದ, ಪಾಠ ಹೇಳುವ ಧ್ವನಿ ಯಾಸ್ ದ್ವೀಪದ ಮೇಲೆಲ್ಲ ಹರಡಿತು, "ಬಂದಿರ್ಬಹುದು ಈಗ, ಟೆಂಟಿನಲ್ಲಿ ನೋಡಿ."